ಕೆಲಸದ ವೇಳೆ ಕುಡಿಯುವ ಸಹೋದ್ಯೋಗಿ: ಜೊತೆಗಾರರು ಮಾಡಬೇಕಾದುದೇನು?

ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಬೆಂಗಳೂರಿನ ಕೈಗಾರಿಕಾ ಪ್ರದೇಶವೊಂದರಲ್ಲಿ ಎಂಟೇ ಜನರಿದ್ದ ಸಣ್ಣದೊಂದು ಷೆಡ್ಡಿನಲ್ಲಿ ನಾನು ಕೆಲಸಕ್ಕಿದ್ದಾಗ, ಪವರ್ ಪ್ರೆಸ್ ನಡೆಸುತ್ತಿದ್ದ ಹಿರಿಯರೊಬ್ಬರನ್ನು ನಾವೆಲ್ಲರೂ ಅಣ್ಣನೆಂದೇ ಕರೆಯುತ್ತಿದ್ದೆವು. ಬೆಳಗ್ಗೆ ಎಂಟೂವರೆಗೆ ಬಂದಾಗ ಅವರ ಕೈ ಎಷ್ಟು ನಡುಗುತ್ತಿತ್ತೆಂದರೆ, ಟೀ ಲೋಟವನ್ನು ಎರಡು ಕೈಗಳಿಂದ ಹಿಡಿದರೂ ತುಟಿಗೆ ಮುಟ್ಟಿಸುವಷ್ಟರಲ್ಲಿ ಅರ್ಧ ಚೆಲ್ಲಿಹೋಗುತ್ತಿತ್ತು. ಹತ್ತೂವರೆಯ ಸುಮಾರಿಗೆ ಶೌಚಾಲಯಕ್ಕೆ ಹೋಗಿಬಂದ ಮೇಲೆ ಅದೇ ಕೈ ನಿಶ್ಚಲವಾಗಿ, ಬಾಯಿಯಲ್ಲಿ ಏಲಕ್ಕಿಯ ವಾಸನೆ ಇರುತ್ತಿತ್ತು. ಕೈ ನಡುಗದಿರುವುದೇ ಅವರು ಕುಡಿದಿರುವುದರ ಕುರುಹೆಂದು ನಮಗೆ ತಿಳಿದಿತ್ತು. ತಿಳಿದೂ, ಅವರ ಪಾಲಿನ ಪೀಸುಗಳನ್ನು ನಾವು ಹೊಡೆದುಕೊಟ್ಟೆವು; ಮಾಲೀಕರು ಬರುವ ಹೊತ್ತಿಗೆ ಅವರನ್ನು ಹಿಂದಿನ ಪ್ಯಾಕಿಂಗ್ ಜಾಗಕ್ಕೆ ಸಾಗಿಸಿದೆವು; ಹಬ್ಬದ ಮರುದಿನ ಬಾರದಿದ್ದಾಗ ಜ್ವರವೆಂದು ಹೇಳಿದೆವು. ಎಂಟು ತಿಂಗಳು ಹೀಗೆ ನಡೆಯಿತು. ಎರಡೂ ಕೈಗಳಿಂದ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಮಾತ್ರ ಇಳಿಯಬೇಕಾದ ಆ ಪ್ರೆಸ್ಸಿನ ಒಂದು ಗುಂಡಿಗೆ, ಕೆಲಸ ಬೇಗ ಸಾಗಲೆಂದು ಅವರು ಮರದ ಚಕ್ಕೆಯೊಂದನ್ನು ಸಿಕ್ಕಿಸಿಕೊಂಡಿದ್ದ ಒಂದು ಸಂಜೆ, ಅವರ ಎಡಗೈಯ ಎರಡು ಬೆರಳುಗಳು ಹೋದವು.

ಪರಿಹಾರದ ಮಾತೆತ್ತಿದಾಗ ಮಾಲೀಕರು ತೋರಿಸಿದ್ದು 1923ರ ಕಾರ್ಮಿಕ ಪರಿಹಾರ ಕಾಯಿದೆಯಲ್ಲಿದ್ದ ಒಂದು ವಿನಾಯಿತಿಯನ್ನು: ಮರಣವಾಗಲಿ ಶಾಶ್ವತವಾದ ಪೂರ್ಣ ಅಂಗವೈಕಲ್ಯವಾಗಲಿ ಉಂಟಾಗದ ಗಾಯವು, ಕಾರ್ಮಿಕನು ಮದ್ಯದ ಅಮಲಿನಲ್ಲಿದ್ದುದರಿಂದಲೇ ನೇರವಾಗಿ ಸಂಭವಿಸಿದ್ದಾದರೆ, ಪರಿಹಾರ ಕೊಡುವ ಹೊಣೆ ಮಾಲೀಕನ ಮೇಲಿಲ್ಲ. ಎರಡು ಬೆರಳು ಪೂರ್ಣ ವೈಕಲ್ಯವಲ್ಲ. ಅಣ್ಣನ ಕೈಗೆ ಏನೂ ಬರಲಿಲ್ಲ. ಅಂದಿನಿಂದ ಇಂದಿನವರೆಗೂ ನನ್ನನ್ನು ಬಾಧಿಸುತ್ತಿರುವುದು ಅವರ ಕುಡಿತಕ್ಕಿಂತ ಹೆಚ್ಚಾಗಿ ನಾವು ಹೇಳಿದ ಆ ಸುಳ್ಳುಗಳು. ಆ ಬಳಿಕ ಬೇರೆ ಕಾರ್ಖಾನೆಗಳಲ್ಲಿ ಮೇಲ್ವಿಚಾರಕನಾಗಿ ಇಂಥ ಪ್ರಸಂಗಗಳನ್ನು ಎದುರಿಸುತ್ತ, ವೈದ್ಯರನ್ನೂ ಕಾನೂನು ತಿಳಿದವರನ್ನೂ ಕೇಳುತ್ತ ಕಲಿತುಕೊಂಡ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಖಚಿತಪಡಿಸಿಕೊಳ್ಳಿ

ತೂರಾಡುವವರೆಲ್ಲರೂ ಕುಡಿದವರಲ್ಲ. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವನು ಹೊತ್ತಿಗೆ ಸರಿಯಾಗಿ ಊಟ ಮಾಡದೆ ರಕ್ತದ ಸಕ್ಕರೆ ಇಳಿದಾಗ ಬೆವರುತ್ತಾನೆ, ನಡುಗುತ್ತಾನೆ, ತೊದಲುತ್ತಾನೆ, ಕೆಲವೊಮ್ಮೆ ಕಾರಣವಿಲ್ಲದೆ ಸಿಡುಕುತ್ತಾನೆ; ಪಾರ್ಶ್ವವಾಯುವಿನ ಆರಂಭದಲ್ಲಿ ನಾಲಗೆ ಹೊರಳುವುದಿಲ್ಲ, ಬಾಯಿ ಒಂದು ಬದಿಗೆ ಸೊಟ್ಟಗಾಗುತ್ತದೆ; ಮೂರ್ಛೆರೋಗದ ಮಾತ್ರೆಗಳು ಮಂಪರನ್ನು ತರುತ್ತವೆ. ಇಂಥವನನ್ನು ‘ಹಾಕ್ಕೊಂಡು ಬಂದಿದ್ದಾನೆ’ ಎಂದು ಮೂಲೆಯಲ್ಲಿ ಮಲಗಿಸಿ ಹೋದರೆ ಆ ನಿದ್ರೆಯಿಂದ ಅವನು ಏಳದೆಯೇ ಹೋಗಬಹುದು. ಆದಕಾರಣ ಸಂದೇಹ ಬಂದಾಗ ಮೊದಲ ಪ್ರಶ್ನೆ ಆರೋಗ್ಯದ್ದಾಗಿರತಕ್ಕದ್ದು: ಊಟವಾಯಿತೆ, ಸಕ್ಕರೆ ಕಾಯಿಲೆ ಇದೆಯೆ, ಏನಾದರೂ ಮಾತ್ರೆ ನುಂಗಿದ್ದೀರಾ?

ಒಂದು ದಿನದ ವಾಸನೆಯಿಂದ ತೀರ್ಮಾನಕ್ಕೆ ಬರುವುದೂ ಯುಕ್ತವಲ್ಲ. ಆದರೆ ಊಟದ ಡಬ್ಬಿಯ ಚೀಲದಲ್ಲಿ 90 ಮಿ.ಲೀ. ಪ್ಯಾಕೆಟ್ ಕಣ್ಣಿಗೆ ಬೀಳುವುದು, ನೀರಿನ ಬಾಟಲಿಯನ್ನು ಯಾರಿಗೂ ಮುಟ್ಟಗೊಡದಿರುವುದು, ಒಂದು ನಿಶ್ಚಿತ ವೇಳೆಗೆ ಮರೆಯಾಗಿ ಹೊಸ ಹುರುಪಿನಿಂದ ಮರಳುವುದು, ಸೋಮವಾರಗಳಂದು ಗೈರುಹಾಜರಿ, ಮಧ್ಯಾಹ್ನದ ನಂತರ ಹೆಚ್ಚುವ ರಿಜೆಕ್ಷನ್ ಪೀಸುಗಳು, ಇವುಗಳಲ್ಲಿ ಮೂರು ನಾಲ್ಕು ಒಟ್ಟಿಗೆ ಕಂಡರೆ ಕಣ್ಣು ಮುಚ್ಚಿಕೊಳ್ಳುವಂತಿಲ್ಲ. ಕಂಡುದನ್ನು ಕಂಡಂತೆ, ತಾರೀಖು ಮತ್ತು ವೇಳೆಯ ಸಮೇತ ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ. ಅವರ ಚೀಲವನ್ನಾಗಲಿ ಲಾಕರನ್ನಾಗಲಿ ನೀವು ತಡಕಕೂಡದು. ಊದಿಸಿ ಪರೀಕ್ಷಿಸುವುದಿದ್ದರೆ ಅದು ಸಂಸ್ಥೆ ನೇಮಿಸಿದವರ ಕೆಲಸ.

ಅಮಲಿನಲ್ಲಿದ್ದಾರೆಂದು ಕಂಡ ದಿನ

ಆ ದಿನದ ಕೆಲಸ ಒಂದೇ: ಅವರನ್ನು ಯಂತ್ರದಿಂದ, ಏಣಿಯಿಂದ, ಸ್ಟಿಯರಿಂಗಿನಿಂದ ದೂರ ಮಾಡುವುದು. ಬುದ್ಧಿ ಹೇಳುವುದಕ್ಕೆ ಅದು ಕಾಲವಲ್ಲ. ಅಮಲಿನಲ್ಲಿರುವವನಿಗೆ ಹೇಳಿದ ಬುದ್ಧಿ ಅವನಿಗೆ ನೆನಪಿರುವುದಿಲ್ಲ, ಆದ ಅವಮಾನ ಮಾತ್ರ ನೆನಪಿರುತ್ತದೆ. ಯಂತ್ರದ ಸ್ವಿಚ್ಚನ್ನು ಆರಿಸಿ, ‘ಅಣ್ಣ, ಸ್ವಲ್ಪ ಈ ಕಡೆ ಬನ್ನಿ’ ಎಂದು ತಗ್ಗಿದ ದನಿಯಲ್ಲಿ ಕರೆಯಿರಿ. ನಾಲ್ಕು ಜನ ಸುತ್ತುವರಿದು ನಿಲ್ಲಬೇಡಿ. ಮೇಲ್ವಿಚಾರಕರಿಗೆ ಒಡನೆಯೇ ತಿಳಿಸಿ. ನೀವೇ ಮೇಲ್ವಿಚಾರಕರಾದರೆ ಇನ್ನೊಬ್ಬರನ್ನು ಸಾಕ್ಷಿಯಾಗಿ ಇಟ್ಟುಕೊಳ್ಳಿ. ಮಹಿಳಾ ಸಹೋದ್ಯೋಗಿಯೊಡನೆ ಅವರು ಅನುಚಿತವಾಗಿ ವರ್ತಿಸಿದ್ದಾದರೆ, ಅಮಲನ್ನು ನೆಪವಾಗಿ ಒಪ್ಪದೆ, ಕೆಲಸದ ಸ್ಥಳದಲ್ಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆಯ ಪ್ರಕಾರ ಆಂತರಿಕ ದೂರು ಸಮಿತಿಗೆ ಹೋಗುವ ಆಕೆಯ ಹಕ್ಕಿಗೆ ಬೆಂಬಲವಾಗಿ ನಿಲ್ಲಬೇಕು.

ಮಜ್ಜಿಗೆ, ನಿಂಬೆಹಣ್ಣಿನ ರಸ, ಕಡು ಕಾಫಿ, ತಲೆಗೆ ತಣ್ಣೀರು, ಇವುಗಳಿಂದ ಅಮಲು ಇಳಿಯುತ್ತದೆಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಲೆಕ್ಕ ಹಾಕಿ ನೋಡಿದರೆ ಅದರ ವ್ಯರ್ಥತೆ ತಿಳಿಯುತ್ತದೆ. ಕ್ವಾರ್ಟರ್ ಎಂದು ಕರೆಯುವ 180 ಮಿ.ಲೀ. ಬಾಟಲಿಯಲ್ಲಿ ಶೇ. 42.8ರ ಪ್ರಮಾಣದ ವಿಸ್ಕಿಯೋ ಬ್ರಾಂದಿಯೋ ಇದ್ದರೆ, ಅದರಲ್ಲಿ ಸುಮಾರು 60 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. ಸಾಧಾರಣವಾದ ದೇಹ ಗಂಟೆಗೆ ಹತ್ತು ಗ್ರಾಂ ಆಸುಪಾಸಿನಲ್ಲಿ ಮಾತ್ರ ಅದನ್ನು ಕರಗಿಸಬಲ್ಲದು. ಒಂದು ಕ್ವಾರ್ಟರಿಗೆ ಆರು ಗಂಟೆ ಅಥವಾ ಅದಕ್ಕೂ ಮಿಗಿಲು. ಕಾಫಿ ಕುಡಿಸಿದರೆ ಮಂಪರು ಹರಿದಂತೆ ಕಾಣಬಹುದಾದರೂ ರಕ್ತದಲ್ಲಿರುವುದು ಇರುವಷ್ಟೇ ಇರುತ್ತದೆ. ರಾತ್ರಿ ಹನ್ನೊಂದಕ್ಕೆ ಎರಡು ಕ್ವಾರ್ಟರ್ ಮುಗಿಸಿ ಮಲಗಿದವನು ಬೆಳಗ್ಗೆ ಎಂಟಕ್ಕೆ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು ಬಂದರೂ ಪ್ರೆಸ್ಸಿನ ಮುಂದೆ ಕೂರಲು ಅರ್ಹನಾಗಿರುವುದಿಲ್ಲ.

ಮನೆಗೆ ಕಳುಹಿಸುವಾಗ ಅವರ ದ್ವಿಚಕ್ರ ವಾಹನದ ಕೀಲಿಯನ್ನು ಕೇಳಿ ಇಸಿದುಕೊಳ್ಳಿ. ಮೋಟಾರು ವಾಹನ ಕಾಯಿದೆಯ 185ನೇ ಕಲಮಿನಂತೆ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ಮೀರಿದರೆ, ಮೊದಲ ಸಲಕ್ಕೇ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಎರಡೂ ಆಗಬಹುದು. ದಾರಿಯಲ್ಲಿ ಎದುರಾಗುವ ಅಪರಿಚಿತರ ಪ್ರಾಣದ ಮಾತಂತೂ ದಂಡದ ಲೆಕ್ಕಕ್ಕೆ ನಿಲುಕುವುದಿಲ್ಲ. ಒಬ್ಬರು ಜೊತೆಯಲ್ಲಿ ಹೋಗಿ ಮನೆಯವರ ಕೈಗೆ ಒಪ್ಪಿಸಿ ಬರಬೇಕು. ಕರೆದರೆ ಎಚ್ಚರಗೊಳ್ಳದಿದ್ದರೆ, ಉಸಿರು ನಿಧಾನವಾಗಿ ಬಿಟ್ಟುಬಿಟ್ಟು ಬರುತ್ತಿದ್ದರೆ, ಮೈ ತಣ್ಣಗಾಗಿದ್ದರೆ, ಪಕ್ಕಕ್ಕೆ ಹೊರಳಿಸಿ ಮಲಗಿಸಿ 108ಕ್ಕೆ ಕರೆ ಮಾಡಿ. ಅಂಗಾತ ಮಲಗಿಸಿದರೆ ವಾಂತಿ ಶ್ವಾಸನಾಳಕ್ಕೆ ಇಳಿಯುವ ಭಯವಿದೆ.

ಮಾತನಾಡುವ ಬಗೆ

ಮಾತಿಗೆ ಮರುದಿನವೇ ತಕ್ಕ ಕಾಲ. ಕುಡಿತಕ್ಕೆ ಆಳವಾಗಿ ಸಿಕ್ಕಿದವರಲ್ಲಿ ಪೂರ್ಣ ಎಚ್ಚರವೂ ನಡುಕವೂ ಇಲ್ಲದ ಹೊತ್ತು ಸಿಗುವುದು ಕಷ್ಟವೇ ಆದರೂ, ಕೆಲಸ ಆರಂಭಿಸುವ ಮುಂಚಿನ ಹತ್ತು ನಿಮಿಷ, ಗೇಟಿನ ಹೊರಗಿನ ಟೀ ಅಂಗಡಿಯಿಂದ ತುಸು ದೂರದಲ್ಲಿ, ಇಬ್ಬರೇ ನಿಂತು ಮಾತನಾಡುವುದು ಸಾಧ್ಯ. ಕುಡುಕನೆಂಬ ಶಬ್ದವನ್ನಾಗಲಿ, ಹೆಂಡತಿ ಮಕ್ಕಳ ಹೆಸರನ್ನಾಗಲಿ ಎತ್ತಬೇಡಿ. ಎರಡನೆಯದನ್ನು ಅವರು ಮನೆಯಲ್ಲಿ ದಿನವೂ ಕೇಳಿ ಅದಕ್ಕೊಂದು ಉತ್ತರವನ್ನು ಸಿದ್ಧಮಾಡಿಕೊಂಡಿರುತ್ತಾರೆ. ನೀವು ಕಣ್ಣಾರೆ ಕಂಡುದಕ್ಕೆ ಅವರಲ್ಲಿ ಸಿದ್ಧವಾದ ಉತ್ತರವಿರುವುದಿಲ್ಲ.

ಆ ಬಳಿಕ ಬೇರೊಬ್ಬರೊಡನೆ ನಾನು ಆಡಿ ನೋಡಿದ ಮಾತು ಹೀಗಿತ್ತು: ‘ಅಣ್ಣ, ನಿನ್ನೆ ಮೂರು ಗಂಟೆಗೆ ನೀವು ಹಾಕ್ಕೊಂಡಿದ್ರಿ. ಪ್ರೆಸ್ಸು ಇಳಿಯೋ ಹೊತ್ತಿಗೆ ನಿಮ್ಮ ಕೈ ಡೈ ಒಳಗಿತ್ತು, ನಾನೇ ನೋಡ್ದೆ. ನನಗೆ ರಾತ್ರಿ ನಿದ್ದೆ ಬರ್ಲಿಲ್ಲ. ಇನ್ಮೇಲೆ ನಿಮ್ಮ ಪೀಸು ನಾನು ಹೊಡೆಯೋದಿಲ್ಲ, ಯಾರು ಕೇಳಿದ್ರೂ ಸುಳ್ಳು ಹೇಳೋದಿಲ್ಲ. ಆಸ್ಪತ್ರೆಗೆ ಹೋಗೋಣ ಅಂತ ನೀವು ಯಾವತ್ತು ಕರೆದ್ರೂ ರಜ ಹಾಕಿ ಜೊತೇಲಿ ಬರ್ತೀನಿ.’ ‘ರಾತ್ರಿದು ಅಷ್ಟೇ ಕಣಪ್ಪ’ ಎಂದೋ, ‘ಮೈಕೈ ನೋವಿಗೆ ಸ್ವಲ್ಪ’ ಎಂದೋ, ‘ನನ್ನ ದುಡ್ಡು, ನಿನಗೇನು’ ಎಂದೋ ಉತ್ತರ ಬರುವುದು ನಿಶ್ಚಯ. ವಾದಕ್ಕಿಳಿಯದೆ ಮೊದಲಿನ ಮಾತನ್ನೇ ಇನ್ನೊಮ್ಮೆ ಹೇಳಿ ಹೊರಟುಬನ್ನಿ. ಹೇಳಿದಂತೆ ನಡೆದುಕೊಳ್ಳುವುದು ಹೇಳುವುದಕ್ಕಿಂತ ಕಠಿನ; ಮಧ್ಯಾಹ್ನ ಅವರ ಟ್ರೇ ಖಾಲಿಯಿರುವುದನ್ನು ಕಂಡು ನಿಮ್ಮ ಕೈ ತಾನಾಗಿಯೇ ಅತ್ತ ಹೋಗುತ್ತದೆ. ಜೊತೆಗಾರರೆಲ್ಲರೂ ಒಮ್ಮತದಿಂದ ಮರೆಮಾಚುವಿಕೆಯನ್ನು ನಿಲ್ಲಿಸಿದಲ್ಲದೆ ಇದು ಫಲಿಸುವುದಿಲ್ಲ. ಕೈಸಾಲಕ್ಕೂ ಇದೇ ನಿಯಮ: ಸಾಲ ಕೊಡುವ ಬದಲು ಮನೆಗೆ ರೇಷನ್ ತಲುಪಿಸಿ.

ಮೇಲಿನವರಿಗೆ ತಿಳಿಸುವುದು

ಯಂತ್ರ, ವಾಹನ, ವಿದ್ಯುತ್ತು, ರೋಗಿಗಳ ಆರೈಕೆ, ಇವುಗಳ ಸಂಬಂಧವಿರುವ ಕೆಲಸವಾದರೆ ಅವರು ಒಪ್ಪಿದರೂ ಒಪ್ಪದಿದ್ದರೂ ತಿಳಿಸಲೇಬೇಕು. ಇದನ್ನು ಚಾಡಿಯೆಂದು ಬಗೆದು ಹಿಂಜರಿಯುವವರ ಸಂಕಟ ನನಗೆ ಗೊತ್ತು. ನಾನೇ ಎಂಟು ತಿಂಗಳು ಹಿಂಜರಿದವನು. ಬೆನ್ನ ಹಿಂದೆ ಹೋಗಿ ಹೇಳದೆ, ‘ನಾಳೆ ನಾನು ಸೂಪರ್‌ವೈಸರಿಗೆ ಹೇಳ್ತೀನಿ, ನೀವೇ ಮೊದಲು ಹೋಗಿ ಹೇಳಿದ್ರೆ ನಿಮಗೆ ಒಳ್ಳೇದು’ ಎಂದು ಅವರ ಮುಖಕ್ಕೇ ತಿಳಿಸಿದರೆ ಮನಸ್ಸಿನ ಭಾರ ತಗ್ಗುತ್ತದೆ, ಅವರಿಗೂ ಒಂದು ಅವಕಾಶ ದೊರೆಯುತ್ತದೆ. ದೂರಿನ ಒಕ್ಕಣೆಯಲ್ಲಿ ಅಭಿಪ್ರಾಯ ಬೇಡ. ‘12ನೇ ತಾರೀಖು 3 ಗಂಟೆ 10 ನಿಮಿಷಕ್ಕೆ ಪ್ರೆಸ್ಸಿನ ಬಳಿ ಹೆಜ್ಜೆ ತಪ್ಪುತ್ತಿತ್ತು, ಮಾತು ತೊದಲುತ್ತಿತ್ತು, ಮದ್ಯದ ವಾಸನೆಯಿತ್ತು, ಯಂತ್ರ ನಿಲ್ಲಿಸಿ ಕೂರಿಸಿದೆವು’ ಎಂಬಷ್ಟೇ ಸಾಕು.

ಸಂಸ್ಥೆಯ ಸ್ಥಾಯೀ ಆದೇಶಗಳಲ್ಲಿ ಈ ಬಗ್ಗೆ ಏನಿದೆಯೆಂಬುದನ್ನು ಮುಂಚಿತವಾಗಿ ಓದಿಕೊಳ್ಳಿ. ಸಂಘದ ಪದಾಧಿಕಾರಿಗಳಿದ್ದರೆ ಅವರನ್ನೂ ಕೂಡಿಸಿಕೊಳ್ಳಿ. ಕೇಂದ್ರ ಸರ್ಕಾರದ ನೌಕರರಿಗೆ 1964ರ ನಡತೆ ನಿಯಮಗಳ 22ನೇ ನಿಯಮವೇ ಕರ್ತವ್ಯದ ವೇಳೆ ಅಮಲಿನಲ್ಲಿರುವುದನ್ನು ನಿಷೇಧಿಸಿದೆ. ಶಿಸ್ತುಕ್ರಮಕ್ಕೆ ಮುನ್ನ ನೋಟಿಸು, ವಿಚಾರಣೆ, ಉತ್ತರ ಕೊಡುವ ಅವಕಾಶ, ಇವು ಅವರ ಹಕ್ಕುಗಳು. ಚಿಕಿತ್ಸೆಗೆ ಒಪ್ಪಿದರೆ ರಜೆ ಕೊಟ್ಟು ಕೆಲಸವನ್ನು ಉಳಿಸಬೇಕೆಂದು ಆಡಳಿತವನ್ನು ಕೇಳಿಕೊಳ್ಳುವ ಪತ್ರಕ್ಕೆ ಜೊತೆಗಾರರೆಲ್ಲರೂ ಸಹಿ ಹಾಕಿದರೆ ಅದಕ್ಕೆ ಬೆಲೆಯುಂಟು.

ಚಿಕಿತ್ಸೆ

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ದಿನವೂ ಬೆಳಗಿನಿಂದಲೇ ಕುಡಿಯುವವರಿಗೆ ‘ನಾಳೆಯಿಂದಲೇ ಬಿಟ್ಟುಬಿಡು’ ಎಂದು ಆಣೆ ಹಾಕಿಸಬೇಡಿ. ಬಹುಕಾಲ ಮದ್ಯಕ್ಕೆ ಒಗ್ಗಿದ ದೇಹದಲ್ಲಿ ಅದು ಹಠಾತ್ತನೆ ನಿಂತಾಗ ಕೆಲವು ಗಂಟೆಗಳಲ್ಲೇ ನಡುಕ, ಬೆವರು, ವಾಕರಿಕೆ ತೊಡಗುತ್ತವೆ; ಎರಡು ದಿನಗಳೊಳಗೆ ಫಿಟ್ಸ್ ಬರಬಹುದು; ಎರಡು ಮೂರು ದಿನ ಕಳೆಯುವ ಹೊತ್ತಿಗೆ ಕೆಲವರಿಗೆ ದಿಕ್ಕು ಕಾಲಗಳ ಅರಿವು ತಪ್ಪಿ, ಇಲ್ಲದ ಹುಳುಗಳನ್ನೂ ಮನುಷ್ಯರನ್ನೂ ಕಾಣುವ ಸನ್ನಿ ಹಿಡಿಯುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಪ್ರಾಣವೇ ಹೋದೀತು. ವೈದ್ಯರ ಕೈಕೆಳಗೆ ಸರಿಯಾದ ಔಷಧಗಳೂ ಥಯಮಿನ್ ಜೀವಸತ್ವವೂ ದೊರೆತರೆ ಈ ಗಂಡಾಂತರವನ್ನು ದಾಟಿಸಬಹುದು.

ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ದೂರದ ಊರಿನವರು ಮನೆಯಿಂದಲೇ 14416ಕ್ಕೆ, ಅಂದರೆ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್‌ಗೆ, ಅಥವಾ ವ್ಯಸನಮುಕ್ತಿಗಾಗಿಯೇ ಇರುವ 14446ಕ್ಕೆ ಕರೆ ಮಾಡಿ ಕನ್ನಡದಲ್ಲಿ ಕೇಳಬಹುದು. ಧರ್ಮಸ್ಥಳದ ಜನಜಾಗೃತಿ ವೇದಿಕೆಯವರು ಊರೂರುಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತಾರೆ. ಬಿಟ್ಟವರು ಮತ್ತೆ ಜಾರದಂತೆ ಒಬ್ಬರಿಗೊಬ್ಬರು ಆಸರೆಯಾಗುವ ನವಜೀವನ ಸಮಿತಿಗಳೂ ಇವೆ. 1935ರಲ್ಲಿ ಅಮೆರಿಕದ ಏಕ್ರನ್ ಪಟ್ಟಣದಲ್ಲಿ ಇಬ್ಬರು ಕುಡುಕರ ಸಮಾಗಮದಿಂದ ಹುಟ್ಟಿದ ಆಲ್ಕೋಹಾಲಿಕ್ಸ್ ಅನಾನಿಮಸ್ ಕೂಟಗಳು ನಮ್ಮ ನಗರಗಳಲ್ಲಿಯೂ ಸೇರುತ್ತವೆ, ಶುಲ್ಕವಿಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆಯು ಮದ್ಯವ್ಯಸನಕ್ಕೆ ಸಂಬಂಧಿಸಿದ ಸ್ಥಿತಿಗಳನ್ನೂ ತನ್ನ ವ್ಯಾಪ್ತಿಗೆ ಸೇರಿಸಿ, ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡುವ ಹಕ್ಕನ್ನು ಕೊಟ್ಟಿದೆ. ಆದ್ದರಿಂದ ಎಲ್ಲಿಗೆ ಹೋಗಿದ್ದಾರೆಂಬುದನ್ನು ಕ್ಯಾಂಟೀನಿನಲ್ಲಿ ಸಾರಬೇಡಿ.

‘ಅವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ’ ಎಂದು ಜಾಹೀರಾತು ಕೊಡುವ ಪುಡಿಗಳ ಗೋಜಿಗೆ ಅವರ ಮನೆಯವರು ಹೋಗದಂತೆ ನೋಡಿಕೊಳ್ಳಿ. ಡೈಸಲ್ಫಿರಾಮ್ ಎಂಬ ಔಷಧವನ್ನು ಸೇವಿಸಿದವನು ಮದ್ಯ ಮುಟ್ಟಿದರೆ ಮುಖ ಕೆಂಪೇರಿ, ಎದೆ ಬಡಿದುಕೊಂಡು, ರಕ್ತದೊತ್ತಡ ಕುಸಿಯುತ್ತದೆ. ರೋಗಿಯ ಒಪ್ಪಿಗೆಯಿಂದ, ವೈದ್ಯರ ಪರೀಕ್ಷೆಯ ನಂತರ ಮಾತ್ರ ಕೊಡತಕ್ಕ ಈ ಮದ್ದನ್ನು ಗುಟ್ಟಾಗಿ ತಿನ್ನಿಸುವುದು ವಿಷಪ್ರಾಯ.

ಮರಳಿ ಬಂದ ಮೇಲೆ

ಕೆಲವು ವರ್ಷಗಳ ಹಿಂದೆ ನಮ್ಮ ಫೋರ್ಕ್‌ಲಿಫ್ಟ್ ಚಾಲಕನೊಬ್ಬ, ವಯಸ್ಸಿನಲ್ಲಿ ನನಗೆ ತಮ್ಮನಂತಿದ್ದವನು, ಈ ಕ್ರಮದಲ್ಲಿಯೇ ಚಿಕಿತ್ಸೆಗೆ ಹೋಗಿ ಐದು ವಾರಗಳ ಮೇಲೆ ಮರಳಿದ. ಮೊದಲ ಕೆಲವು ತಿಂಗಳು ವಾಹನದ ಬದಲು ಸ್ಟೋರ್ಸಿನಲ್ಲಿ ಎಣಿಕೆಯ ಕೆಲಸ ಕೊಟ್ಟೆವು, ಸಂಬಳ ಕಡಿಮೆಯಾಗದಂತೆ. ಬೀಳ್ಕೊಡುಗೆ, ಆಯುಧಪೂಜೆಯ ಪಾರ್ಟಿಗಳು ಅವನಿದ್ದಲ್ಲಿ ಊಟ ಮತ್ತು ಜ್ಯೂಸಿಗೆ ಮುಗಿದವು. ಒಮ್ಮೆ ಜಾರಿದ, ಮರುದಿನವೇ ಮತ್ತೆ ವೈದ್ಯರಲ್ಲಿಗೆ ಕರೆದೊಯ್ದೆವು.

ಅತ್ಯಂತ ಕಷ್ಟದ ದಿನವೆಂದರೆ ಸಂಬಳದ ದಿನ. ನಮ್ಮ ಗೇಟಿನಿಂದ ಬಸ್ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಎರಡು ಬಾರ್‌ಗಳಿವೆ. ಅವನ ಒಪ್ಪಿಗೆಯ ಮೇರೆಗೆ ಸಂಬಳ ಹೆಂಡತಿಯೊಡನೆ ಕೂಡಿದ ಜಂಟಿ ಖಾತೆಗೆ ಹೋಗುವಂತೆ ಬರೆಸಿಕೊಟ್ಟು, ಆ ಸಂಜೆ ಯಾರು ಅವನ ಜೊತೆಯಲ್ಲಿ ನಡೆಯಬೇಕೆಂಬುದನ್ನು ಸರದಿಯಂತೆ ನಿಶ್ಚಯಿಸಿಕೊಂಡೆವು. ಕುಡಿತದ ಪ್ರಸ್ತಾಪವನ್ನು ಯಾರೂ ಎತ್ತುತ್ತಿರಲಿಲ್ಲ. ಮಗಳ ಶಾಲೆಯ ಫೀಸು, ಊರಿನ ಮಳೆ, ಹೀಗೆ ಏನಾದರೊಂದು ಮಾತಾಡುತ್ತ ಎರಡೂ ಬಾರ್‌ಗಳನ್ನು ದಾಟಿ, ಬಸ್ಸು ಹತ್ತಿಸಿ, ಅವನಿಗೆ ಕೂರಲು ಸೀಟು ಸಿಕ್ಕಿತೆಂದು ಕಿಟಕಿಯಲ್ಲಿ ನೋಡಿಕೊಂಡು ಹಿಂದಿರುಗುತ್ತಿದ್ದೆವು.