ಹೊಡೆಯುವ ಕೈಗೆ ಯಾವ ಬ್ಲೇಡು?

ದೈಹಿಕ ಶಿಕ್ಷಕನಾಗಿ ಕೂಡ್ಲಿಗಿಯಲ್ಲಿ ಕೆಲಸಕ್ಕೆ ಸೇರಿದ ನನ್ನನ್ನು ವರ್ಗಾವಣೆಗಳು ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಅಂತ ಸುತ್ತಾಡಿಸಿದವು. ಕಬಡ್ಡಿ, ಖೊಖೊ, ವಾಲಿಬಾಲ್ ಎಂದರೆ ಈ ಸೀಮೆಯಲ್ಲಿ ಊರಿಗೆ ಊರೇ ಸೇರುತ್ತದೆ. ಟೇಬಲ್ ಟೆನಿಸ್‌ಗೆ ಸೇರುವವರು ಹತ್ತೋ ಹನ್ನೆರಡೋ ಜನ. ಆದರೆ ಸೇರಿದವರು ಬಿಟ್ಟು ಹೋಗುವುದಿಲ್ಲ. ಅವರಲ್ಲಿ ಮುಕ್ಕಾಲು ಪಾಲು ಮಕ್ಕಳಿಗೆ ಜೋರಾಗಿ ಹೊಡೆದು ಆಡುವ ಆಸೆ. ಒಳ್ಳೆಯ ಬ್ಲೇಡ್, ಅಂದರೆ ಬ್ಯಾಟಿನ ಮರದ ಭಾಗ, ಬೇಕೆಂದರೆ ಬೆಂಗಳೂರಿನಿಂದ ತರಿಸಬೇಕು, ಹಿಡಿದು ಆಡಿ ನೋಡಿ ಕೊಳ್ಳುವ ಅನುಕೂಲ ನಮಗಿಲ್ಲ. ಒಮ್ಮೆ ತಪ್ಪಿದರೆ ಒಂದು ಮನೆಯ ತಿಂಗಳ ದುಡಿಮೆ ಹೋದಂತೆ. ಅದಕ್ಕೇ ಈ ಪಾಠಗಳನ್ನು ಬರೆದಿಡುತ್ತಿದ್ದೇನೆ.

1. ಮೊದಲು ಎದುರಾಳಿಯನ್ನು ನೋಡಿ

ನಮ್ಮ ತಾಲ್ಲೂಕುಗಳ ಆಟದಲ್ಲಿ ಎದುರಿಗೆ ನಿಲ್ಲುವವರು ಯಾರು? ಬಹುಪಾಲು ಹಳೇ ಕೈಗಳು. ಬ್ಯಾಂಕಿನವರು, ಕಚೇರಿಯವರು, ಮೇಷ್ಟ್ರುಗಳು. ನಿಂತಲ್ಲೇ ನಿಂತು ಚೆಂಡಿನ ಕೆಳಗೆ ಬ್ಯಾಟ್ ಆಡಿಸಿ ಕಟ್ ಹಾಕುತ್ತಾರೆ, ಬೇಸರವಿಲ್ಲದೆ ಪುಶ್ ಮಾಡುತ್ತಾರೆ. ಕಟ್ ಬಿದ್ದ ಚೆಂಡು ಹಿಂದಕ್ಕೆ ತಿರುಗುತ್ತಾ ಬರುತ್ತದೆ. ಬ್ಯಾಟಿಗೆ ತಾಗಿದೊಡನೆ ಕೆಳಗಿಳಿದು ನೆಟ್ಟಿಗೆ ಬೀಳುತ್ತದೆ. ನೆಟ್ಟಿನ ಎತ್ತರ 15.25 ಸೆಂಟಿಮೀಟರ್. ಅಷ್ಟನ್ನು ದಾಟಿಸಿ, ಆಚೆಗಿರುವ ಒಂದೂಕಾಲು ಮೀಟರ್ ಚಿಲ್ಲರೆ ಜಾಗದಲ್ಲಿ ಇಳಿಸಬೇಕು. ಆದ್ದರಿಂದ ಹೊಡೆಯುವವನ ಮೊದಲ ಕೆಲಸ ಸ್ಮ್ಯಾಶ್ ಅಲ್ಲ, ಕಟ್ ಚೆಂಡನ್ನು ಟಾಪ್‌ಸ್ಪಿನ್ ಕೊಟ್ಟು ಎತ್ತುವುದು. ಒಂದಲ್ಲ, ಮೂರು ಸಲ ಒಂದರ ಹಿಂದೆ ಒಂದು. ಈ ಕೆಲಸಕ್ಕೆ ಒಗ್ಗದ ಬ್ಲೇಡ್ ಎಷ್ಟೇ ವೇಗದ್ದಾದರೂ ನಮಗೆ ಬೇಡ.

2. ಕೈ ಹೆದರುವ ಬ್ಲೇಡ್ ಕೊಳ್ಳಬೇಡಿ

ಇದೇ ನನ್ನ ಮುಖ್ಯ ಮಾತು, ಕಲಿಯಲು ಬಹಳ ವರ್ಷ ಹಿಡಿಯಿತು.

ಹರಪನಹಳ್ಳಿಯಲ್ಲಿ ಪಿಯುಸಿ ಓದುತ್ತಿದ್ದ ಹುಡುಗಿಯೊಬ್ಬಳಿಗೆ ಫೋರ್‌ಹ್ಯಾಂಡ್ ದೇವರು ಕೊಟ್ಟ ವರ. ಸೊಂಟ ತಿರುಗಿಸಿ, ತೊಡೆಯ ಹತ್ತಿರದಿಂದ ಹಣೆಯವರೆಗೆ ಕೈ ಬೀಸುತ್ತಿದ್ದಳು. ಅವಳ ಮಾವ ಪ್ರೀತಿಯಿಂದ ತುಂಬಾ ವೇಗದ ಕಾರ್ಬನ್ ಬ್ಲೇಡ್ ತರಿಸಿಕೊಟ್ಟರು. ಮೊದಲ ವಾರ ಚೆಂಡುಗಳು ಗೋಡೆಗೆ ಹೋದವು. ಎರಡನೇ ವಾರ ಟೇಬಲ್ಲಿನ ಮೇಲೆ ಬೀಳತೊಡಗಿದವು, ಎಲ್ಲರಿಗೂ ಸಂತೋಷವಾಯಿತು. ನಾನು ಪಕ್ಕಕ್ಕೆ ನಿಂತು ಅವಳ ಕೈ ನೋಡಿದೆ. ಬೀಸು ಅರ್ಧಕ್ಕೆ ಬಂದಿತ್ತು. ಚೆಂಡು ಹೊರಗೆ ಹೋಗುತ್ತದೆಂಬ ಭಯಕ್ಕೆ, ಅವಳಿಗೇ ಗೊತ್ತಿಲ್ಲದೆ, ಕೈ ಮೊಟಕಾಗಿತ್ತು. ಬೀಸು ಮೊಟಕಾದರೆ ತಿರುಗು ಕಡಿಮೆ, ತಿರುಗು ಕಡಿಮೆಯಾದರೆ ಕಟ್ ಚೆಂಡು ಏಳುವುದಿಲ್ಲ. ತಾಲ್ಲೂಕು ಕ್ರೀಡಾಕೂಟದಲ್ಲಿ ಪುಶ್ ಆಡುವ ಹುಡುಗಿಗೆ ಸೋತಳು.

ನನ್ನ ಹಳೇ ಐದು ಪದರದ ಮರದ ಬ್ಲೇಡಿಗೆ ಅವಳದೇ ರಬ್ಬರ್ ಅಂಟಿಸಿ ಕೊಟ್ಟೆ. ಹದಿನೈದು ದಿನಕ್ಕೆ ಕೈ ಮತ್ತೆ ಹಣೆಯವರೆಗೆ ಏರಿತು. ಪೂರ್ತಿ ಬೀಸಿದರೂ ಚೆಂಡು ಒಳಗೇ ಬೀಳುತ್ತದೆ ಎಂಬ ಧೈರ್ಯ ಕೊಡುವ ಬ್ಲೇಡೇ ಹೊಡೆಯುವವನ ಬ್ಲೇಡು. ಪರೀಕ್ಷೆ ಸುಲಭ: ಗೆಳೆಯನಿಂದ ಇಪ್ಪತ್ತು ಕಟ್ ಚೆಂಡು ಹಾಕಿಸಿಕೊಂಡು ಎಲ್ಲವನ್ನೂ ಪೂರ್ತಿ ಬೀಸಿನಲ್ಲಿ ಎತ್ತಿ. ಅರ್ಧಕ್ಕಿಂತ ಹೆಚ್ಚು ಹೊರಗೆ ಹೋದರೆ ಆ ಬ್ಲೇಡ್ ಇನ್ನೆರಡು ವರ್ಷ ಕಪಾಟಿನಲ್ಲಿರಲಿ.

3. ಪದರಗಳನ್ನು ಓದಲು ಕಲಿಯಿರಿ

ಬ್ಲೇಡ್ ಒಂದೇ ಹಲಗೆಯಂತೆ ಕಂಡರೂ ಐದೋ ಏಳೋ ಮರದ ಹಾಳೆಗಳನ್ನು ಅಂಟಿಸಿ ಮಾಡಿದ್ದು. ಅಂಚನ್ನು ಬೆಳಕಿಗೆ ಹಿಡಿದರೆ ಎಣಿಸಬಹುದು. ನಡುವಿನ ದಪ್ಪ ಪದರ ಹಗುರ ಮರದ್ದು, ಸಾಮಾನ್ಯವಾಗಿ ಆಫ್ರಿಕದ ಅಯೂಸ್ ಅಥವಾ ಜಪಾನಿನವರು ಕಿರಿ ಎನ್ನುವ ಮರ. ಚೆಂಡಿನ ಮೊದಲ ತಾಗು ಗೊತ್ತಾಗುವುದು ಮೇಲಿನ ಹಾಳೆಯಿಂದ. ಲಿಂಬಾ ಮೆತ್ತಗಿನದು, ಚೆಂಡು ಒಂದು ಗಳಿಗೆ ಕೂತು ಹೋದಂತೆ ಕೈಗೆ ತಿಳಿಯುತ್ತದೆ. ಕೊಟೊ ಗಟ್ಟಿ, ಚೆಂಡು ಚಟ್ಟನೆ ಹಾರುತ್ತದೆ.

ಎತ್ತಿ ಆಡುವವರಿಗೆ ಲಿಂಬಾ ಮೇಲ್ಪದರದ ಐದು ಪದರ, ಟೇಬಲ್ಲಿಗೆ ಹತ್ತಿರ ನಿಂತು ಚಪ್ಪಟೆಯಾಗಿ ಹೊಡೆಯುವವರಿಗೆ ಏಳು ಪದರ: ಇದು ನನ್ನ ಲೆಕ್ಕ. ಸ್ವೀಡನ್ನಿನ ಸ್ಟಿಗಾದವರ ಕ್ಲಿಪ್ಪರ್ ಏಳು ಪದರದ್ದಕ್ಕೆ ಹಳೆಯ, ಒಳ್ಳೆಯ ಉದಾಹರಣೆ. ದಪ್ಪವನ್ನೂ ನೋಡಿ. 6 ಮಿಲಿಮೀಟರಿನ ಆಸುಪಾಸಿನಲ್ಲಿದ್ದರೆ ಹೊಡೆಯಲು ಸಾಕಷ್ಟು ಗಟ್ಟಿ. ಅದಕ್ಕಿಂತ ಬಹಳ ದಪ್ಪವಾದಂತೆ ಬ್ಲೇಡ್ ಬಾಗುವುದು ನಿಂತು ಚೆಂಡು ಕೈಗೆ ಸುದ್ದಿ ಕೊಡುವುದೂ ನಿಲ್ಲುತ್ತದೆ.

4. ಬಡಗಿಯ ಪ್ಲೈವುಡ್ ಬೇರೆ, ಇದು ಬೇರೆ

ಕೂಡ್ಲಿಗಿಯಲ್ಲಿದ್ದಾಗ ಹಣವಿಲ್ಲದ ಮಕ್ಕಳಿಗಾಗಿ ಬಾಗಿಲು ಕಿಟಕಿ ಮಾಡುವ ಬಡಗಿಯ ಹತ್ತಿರ 6 ಮಿಲಿಮೀಟರ್ ಪ್ಲೈವುಡ್ಡಿನಲ್ಲಿ ನಾಲ್ಕು ಬ್ಲೇಡ್ ಕೊಯ್ಯಿಸಿದೆ. ಅವರು ಅಂಚನ್ನು ಕನ್ನಡಿಯಂತೆ ನುಣುಪು ಮಾಡಿ ಕೊಟ್ಟರು, ಕೂಲಿ ಕೇಳಲಿಲ್ಲ. ನಿಯಮದಲ್ಲೂ ಅಡ್ಡಿಯಿರಲಿಲ್ಲ: ಬ್ಲೇಡ್ ಯಾವ ಅಳತೆ, ಆಕಾರ, ತೂಕದ್ದಾದರೂ ಇರಬಹುದು, ಚಪ್ಪಟೆಯಾಗಿ ಗಟ್ಟಿಯಾಗಿರಬೇಕು, ದಪ್ಪದಲ್ಲಿ ಕನಿಷ್ಠ ಶೇ 85 ಸಹಜ ಮರವಿರಬೇಕು. ಆದರೆ ಪೀಠೋಪಕರಣದ ಮರ ಭಾರ, ಅದರ ಅಂಟು ಕಲ್ಲು. ಮಕ್ಕಳು ಅರ್ಧ ಗಂಟೆಗೆ ಮಣಿಕಟ್ಟು ಹಿಡಿದುಕೊಂಡು ಕೂತರು. ಸರ್ವಿಸ್ ಕಲಿಯಲು ಅವು ಸಾಕಾದವು, ಟಾಪ್‌ಸ್ಪಿನ್ ಕೊಟ್ಟು ಎತ್ತುವ ಲೂಪ್ ಕಲಿಯಲು ಆಗಲಿಲ್ಲ. ಮೀರತ್ತಿನಿಂದ ಬರುವ ಸ್ಟ್ಯಾಗ್‌ನಂಥ ಸ್ವದೇಶಿ ಬ್ಲೇಡುಗಳಲ್ಲಿ ಸಾಧಾರಣ ಬೆಲೆಯದೂ ಅವಕ್ಕಿಂತ ಎಷ್ಟೋ ಮೇಲು.

5. ಪತ್ತಾರರ ತಕ್ಕಡಿಗೆ ಹಾಕಿ

ಒಂದೇ ಕಂಪನಿ, ಒಂದೇ ಹೆಸರು, ಒಂದೇ ಬೆಲೆ. ಆದರೂ ಎರಡು ಬ್ಲೇಡಿನ ನಡುವೆ ಐದರಿಂದ ಹತ್ತು ಗ್ರಾಂ ವ್ಯತ್ಯಾಸ ಇರಬಹುದು. ಮರ ಮರವೇ, ಒಂದು ಕೊಂಬೆಯಂತೆ ಇನ್ನೊಂದಿಲ್ಲ. ಐದು ಗ್ರಾಂ ಏನು ಮಹಾ ಎನ್ನಬೇಡಿ. ಬ್ಯಾಟಿನ ತಲೆಯಲ್ಲಿ ಕೂತ ಐದು ಗ್ರಾಂ, ಮೂರನೇ ಗೇಮಿನ ಹೊತ್ತಿಗೆ ಮಣಿಕಟ್ಟಿಗೆ ಗೊತ್ತಾಗುತ್ತದೆ.

ಕೊಟ್ಟೂರಿನ ಬಜಾರಿನಲ್ಲಿ ಪರಿಚಯದ ಪತ್ತಾರರ ಅಂಗಡಿಗೆ ಹೊಸ ಬ್ಲೇಡ್ ತೆಗೆದುಕೊಂಡು ಹೋಗುವುದು ನನ್ನ ರೂಢಿಯಾಗಿತ್ತು. ಅವರು ಗಾಜಿನ ಪೆಟ್ಟಿಗೆಯ ಬಾಗಿಲು ಸರಿಸಿ, ತಟ್ಟೆಯನ್ನು ಬ್ರಷ್ಷಿನಿಂದ ಗುಡಿಸಿ, ಬ್ಲೇಡನ್ನು ಎರಡು ಬೆರಳಲ್ಲಿ ಹಿಡಿದು ಇಡುತ್ತಿದ್ದರು. ಅಂಕಿ ನಿಲ್ಲುವವರೆಗೆ ಉಸಿರೂ ಬಿಡುತ್ತಿರಲಿಲ್ಲ. "ಎಂಬತ್ತಾರು ಗ್ರಾಂ ನಾನೂರು ಮಿಲಿ, ಮಾಸ್ತರ್ರೇ" ಎಂದು ಚೀಟಿಯಲ್ಲಿ ಬರೆದು ಕೊಡುತ್ತಿದ್ದರು, ಬಂಗಾರದ ಸರಕ್ಕೆ ಬರೆದಂತೆಯೇ. ನನ್ನ ಅನುಭವದಲ್ಲಿ ಹೈಸ್ಕೂಲು ಮಕ್ಕಳಿಗೆ 80ರಿಂದ 85, ದೊಡ್ಡವರಿಗೆ 85ರಿಂದ 90 ಸರಿ. ದಪ್ಪ ಸ್ಪಂಜಿನ ರಬ್ಬರ್ ಕತ್ತರಿಸಿದ ಮೇಲೆ ಒಂದೊಂದೂ 45ರಿಂದ 50 ಗ್ರಾಂ ತೂಗುತ್ತದೆ, ಎರಡು ಬದಿ ಸೇರಿಸಿ ಲೆಕ್ಕ ಹಾಕಿ. ತರಿಸುವ ಮೊದಲು ಅಂಗಡಿಯವರಿಗೆ ಫೋನ್ ಮಾಡಿ ತೂಕ ಕೇಳಿ. ಒಳ್ಳೆಯ ಅಂಗಡಿಯವರು ತೂಗಿ ಹೇಳುತ್ತಾರೆ.

6. ಬಡಿದು ಕೇಳಿ

ಸಂತೆಯಲ್ಲಿ ಗಡಿಗೆ ಕೊಳ್ಳುವ ಹೆಣ್ಣುಮಕ್ಕಳು ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಾರಲ್ಲ, ಹಾಗೆಯೇ. ರಬ್ಬರ್ ಹಚ್ಚದ ಬ್ಲೇಡಿನ ಮೇಲೆ ಚೆಂಡು ಪುಟಿಸಿ. ದನಿ ಏರಿದಷ್ಟೂ ಬ್ಲೇಡ್ ಬಿಗಿ, ವೇಗ ಹೆಚ್ಚು. ದನಿ ತಗ್ಗಿದಷ್ಟೂ ಮೆದು. ಬಿರುಕು ಬಿಟ್ಟಿದ್ದರೆ, ಪದರ ಅಂಟು ಬಿಟ್ಟಿದ್ದರೆ ಒಡಕು ದನಿ ತಕ್ಷಣ ಕೇಳಿಸುತ್ತದೆ.

ಈ ಆಟದಲ್ಲಿ ಕಿವಿಗೆ ದೊಡ್ಡ ಕೆಲಸವಿದೆ. 1952ರಲ್ಲಿ ಮುಂಬೈಯಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಜಪಾನಿನ ಹಿರೋಜಿ ಸಾಟೊ ದಪ್ಪ ಸ್ಪಂಜು ಹಚ್ಚಿದ ಬ್ಯಾಟ್ ತಂದಿದ್ದರು. ಚೆಂಡು ತಾಗುವ ಸದ್ದನ್ನು ಆ ಸ್ಪಂಜು ನುಂಗುತ್ತಿತ್ತು. ಎದುರಿನವರಿಗೆ ಹೊಡೆತದ ಅಳತೆ ಸಿಗಲಿಲ್ಲ, ಸಾಟೊ ಚಾಂಪಿಯನ್ ಆದರು.

7. ಕಾರ್ಬನ್‌ಗೆ ಒಂದು ಕಾಲ ಬರುತ್ತದೆ

"ಸರ್, ಕಾರ್ಬನ್ ಇದ್ರ ಹೊಡ್ತ ಜೋರ್ ಬರ್ತೈತಲ್ರೀ?" ಹಡಗಲಿಯ ಹುಡುಗರು ಪ್ರತಿ ವರ್ಷ ಕೇಳುತ್ತಿದ್ದ ಪ್ರಶ್ನೆ. ಬರುತ್ತದೆ, ನಿಜ. ಚೆಂಡು 2000ದಲ್ಲಿ 38 ಮಿಲಿಮೀಟರಿನಿಂದ 40ಕ್ಕೆ ದೊಡ್ಡದಾಯಿತು, 2014ರಲ್ಲಿ ಸೆಲ್ಯುಲಾಯ್ಡ್ ಹೋಗಿ ಪ್ಲಾಸ್ಟಿಕ್ ಬಂತು. ಎರಡರಿಂದಲೂ ವೇಗ, ತಿರುಗು ತಗ್ಗಿದವು. ಆ ನಷ್ಟ ತುಂಬಿಕೊಳ್ಳಲು ದೊಡ್ಡ ಆಟಗಾರರು ಕಾರ್ಬನ್ ನಾರಿನ ಬ್ಲೇಡುಗಳನ್ನು ಇನ್ನಷ್ಟು ನೆಚ್ಚಿಕೊಂಡರು. ಚೀನಾದ ಝಾಂಗ್ ಜಿಕೆ, ಫ್ಯಾನ್ ಝೆಂಡಾಂಗ್ ಅವರಿಂದ ಹೆಸರಾದ ಬಟರ್‌ಫ್ಲೈ ವಿಸ್ಕಾರಿಯಾ ಅಂಥದ್ದು.

ನಾರು ಎಲ್ಲಿದೆ ಎಂಬುದು ಮುಖ್ಯ. ವಿಸ್ಕಾರಿಯಾದಲ್ಲಿ ಅದು ಮೇಲ್ಪದರದ ಕೆಳಗೇ ಇದೆ, ಮೆಲ್ಲಗೆ ತಾಗಿದರೂ ಚೆಂಡು ಹಾರುತ್ತದೆ. ಇನ್ನರ್‌ಫೋರ್ಸ್ ಎಂಬ ಸಾಲಿನಲ್ಲಿ ನಾರು ನಡುಮರಕ್ಕೆ ಅಂಟಿಕೊಂಡಿರುತ್ತದೆ. ಮೆಲ್ಲಗೆ ಆಡಿದಾಗ ಮರದಂತೆ, ಜೋರಾಗಿ ಹೊಡೆದಾಗ ಕಾರ್ಬನ್ನಿನಂತೆ. ಮರದಿಂದ ಕಾರ್ಬನ್‌ಗೆ ಹೋಗುವವರು ಈ ಎರಡನೆಯದರಿಂದ ಶುರು ಮಾಡಲಿ. ನನ್ನ ಹತ್ತಿರ ಕಲಿತವರಿಗೆ ಮೂರು ವರ್ಷ ಮರ, ಆಮೇಲೆ ಮಾತು ಎನ್ನುತ್ತಿದ್ದೆ. ಇಂಥ ಬ್ಲೇಡಿನ ಬೆಲೆ ಹತ್ತು ಸಾವಿರ ದಾಟುತ್ತದೆ, ನಕಲಿಗಳೂ ಓಡಾಡುತ್ತಿವೆ. ಅರ್ಧ ಬೆಲೆಗೆ ಬಂದರೆ ಮುಟ್ಟಬೇಡಿ.

8. ಹಿಡಿ

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಅಂಗೈ ಒದ್ದೆಯಾಗಿಯೇ ಇರುತ್ತದೆ. ಕೆಳಗೆ ಅಗಲವಾಗುವ ಹಿಡಿ ಜಾರುವುದಿಲ್ಲ, ಮಕ್ಕಳಿಗೆ ಅದೇ ಸರಿ. ನೇರ ಹಿಡಿಯಲ್ಲಿ ಫೋರ್‌ಹ್ಯಾಂಡಿನಿಂದ ಬ್ಯಾಕ್‌ಹ್ಯಾಂಡಿಗೆ ಬೆರಳು ಸರಿಸುವುದು ಸಲೀಸು. ತೋರುಬೆರಳ ಬುಡ ಉಜ್ಜಿ ಗುಳ್ಳೆ ಬಂದರೆ ಆ ಅಂಚನ್ನು ಸಣ್ಣ ಉಪ್ಪುಕಾಗದದಿಂದ ನಾಲ್ಕೇ ಸಲ ತಿಕ್ಕಿ.

9. ಸೈಕಲ್ ಸಲ್ಯೂಷನ್ ಹಚ್ಚಬೇಡಿ

ಪಂಕ್ಚರ್ ಅಂಗಡಿಯ ಸಲ್ಯೂಷನ್ನಿನಿಂದ ರಬ್ಬರ್ ಅಂಟಿಸುವುದು ನಮ್ಮ ಊರುಗಳಲ್ಲಿ ಇನ್ನೂ ಇದೆ. ಅದಕ್ಕೂ ಒಂದು ಇತಿಹಾಸವಿದೆ. 1970ರ ದಶಕದಲ್ಲಿ ಯುರೋಪಿನ ಆಟಗಾರರು ಸೈಕಲ್ ಟ್ಯೂಬಿನ ಅಂಟು ಹಚ್ಚಿದಾಗ ಸ್ಪಂಜು ಉಬ್ಬಿ ಚೆಂಡು ಹಾರುವುದನ್ನು ಕಂಡುಕೊಂಡರು. ಸ್ಪೀಡ್ ಗ್ಲೂ ಹುಟ್ಟಿದ್ದು ಹಾಗೆ. ಅದರ ಆವಿ ಆರೋಗ್ಯಕ್ಕೆ ಕೆಟ್ಟದ್ದೆಂದು 2008ರಲ್ಲಿ ನಿಷೇಧಿಸಿದರು. ನೀರಿನಂಶದ ಅಂಟೇ ಸಾಕು. ಮೊದಲ ಸಲ ಅಂಟಿಸುವ ಮುಂಚೆ ತೆಳುವಾಗಿ ಒಂದೇ ಕೈ ವಾರ್ನಿಷ್ ಕೊಡಿ. ಇಲ್ಲದಿದ್ದರೆ ರಬ್ಬರ್ ಕೀಳುವಾಗ ಲಿಂಬಾದ ಎಳೆಗಳು ಸಿಬಿರಾಗಿ ಎದ್ದು ಬರುತ್ತವೆ. ರಬ್ಬರ್ ವರ್ಷದೊಳಗೆ ಸಾಯುತ್ತದೆ, ನಮ್ಮ ಧೂಳಿಗೆ ಇನ್ನೂ ಬೇಗ. ಚೆನ್ನಾಗಿ ನೋಡಿಕೊಂಡ ಬ್ಲೇಡ್ ಹತ್ತು ವರ್ಷ ಬಾಳುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಮಾತ್ರ ಬಿಡಬೇಡಿ.

10. ಅದರಂಥದ್ದೇ ಇನ್ನೊಂದು ಇರಲಿ

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚೀನಾದ ವಾಂಗ್ ಚುಚಿನ್ ಮಿಶ್ರ ಡಬಲ್ಸ್ ಚಿನ್ನ ಗೆದ್ದ ಗಳಿಗೆಯಲ್ಲೇ, ಫೋಟೊ ತೆಗೆಯಲು ನುಗ್ಗಿದವರ ಕಾಲಿಗೆ ಸಿಕ್ಕು ಅವರ ಬ್ಯಾಟ್ ಮುರಿಯಿತು. ಮರುದಿನ ಸಿಂಗಲ್ಸ್‌ನಲ್ಲಿ ಬದಲಿ ಬ್ಯಾಟ್ ಹಿಡಿದು ಸ್ವೀಡನ್ನಿನ ಟ್ರುಲ್ಸ್ ಮೋರೆಗಾರ್ಡ್ ಎದುರು ಸೋತರು. ಮೋರೆಗಾರ್ಡ್ ಕೈಯಲ್ಲಿದ್ದದ್ದು ಆರು ಮೂಲೆಯ ಬ್ಲೇಡ್. ಅದೇ ಕೂಟದ ಮಹಿಳಾ ತಂಡ ವಿಭಾಗದ ಕ್ವಾರ್ಟರ್‌ಫೈನಲ್‌ನಲ್ಲಿ ಭಾರತ ಜರ್ಮನಿಗೆ 1–3ರಿಂದ ಸೋತಿತು. ಆ ಒಂದು ಪಂದ್ಯ ಗೆದ್ದವರು ಬೆಂಗಳೂರಿನ ಅರ್ಚನಾ ಕಾಮತ್. ಮರುವಾರ ನಮ್ಮ ಹಾಲಿಗೆ ಆರು ಹೊಸ ಹುಡುಗಿಯರು ಬಂದರು.

ಹರಪನಹಳ್ಳಿಯ ಆ ಹುಡುಗಿ ಈಗ ದಾವಣಗೆರೆಯಲ್ಲಿ ಕೆಲಸದಲ್ಲಿದ್ದಾಳೆ. ಹೊಸ ಮಕ್ಕಳು ಬಂದ ಸುದ್ದಿ ತಿಳಿದು ಭಾನುವಾರ ರೈಲು ಹತ್ತಿ ಬಂದಳು. ಚೀಲದಲ್ಲಿ ಎರಡು ಬ್ಲೇಡ್, ಎರಡೂ ಲಿಂಬಾ, ಎರಡೂ ಐದು ಪದರ. ಒಂದರ ಹಿಡಿಯ ಮೇಲೆ ಪೆನ್ಸಿಲ್ಲಿನಲ್ಲಿ 86.4, ಇನ್ನೊಂದರ ಮೇಲೆ 86.1 ಎಂದು ಬರೆದಿತ್ತು. ಎರಡನೆಯದನ್ನು ಎಲ್ಲರಿಗಿಂತ ಚಿಕ್ಕವಳ ಕೈಗೆ ಕೊಟ್ಟು, ಟೇಬಲ್ಲಿನ ಆಚೆ ನಿಂತು ಕಟ್ ಚೆಂಡು ಹಾಕತೊಡಗಿದಳು.