ಕೊಂಡ ಮರಿ ಮಡಿದಾಗ: ಬೆಕ್ಕು ಸಾಕುವವರ ಕಾನೂನು ಹಕ್ಕುಗಳು

ಮಹಾಪೆಯ ಕೈಗಾರಿಕಾ ವಸಾಹತಿನ ಕಚೇರಿಗಳಲ್ಲಿ ಹಗಲೆಲ್ಲ ದುಡಿದು, ಸಂಜೆಗೆ ಘಣಸೋಲಿಯ ಅಥವಾ ಕೋಪರಖೈರಣೆಯ ನಿಲ್ದಾಣದತ್ತ ನಡೆಯುವವರೂ, ಶಿಳ್‌ಫಾಟಾದ ಹಾದಿಯಾಗಿ ಡೊಂಬಿವಲಿ ಕಲ್ಯಾಣಗಳಿಗೆ ಮರಳುವವರೂ ಆದ ನಮ್ಮ ಕನ್ನಡ ಕುಟುಂಬಗಳಲ್ಲಿ, ಊರ ಮನೆಯ ಅಟ್ಟದ ಮೇಲೆ ತಾನಾಗಿ ಹುಟ್ಟಿ ತಾನಾಗಿ ಬೆಳೆಯುತ್ತಿದ್ದ ಬೆಕ್ಕಿಗೆ ಬದಲಾಗಿ, ಹಣ ತೆತ್ತು ತಂದ ಪರ್ಷಿಯನ್ ಮರಿಯೊಂದು ಫ್ಲ್ಯಾಟಿನೊಳಗೆ ಪ್ರವೇಶ ಮಾಡುವುದು ಈಚೆಗೆ ಅಪೂರ್ವವಾದ ಸಂಗತಿಯಲ್ಲ. ಮರಿಯ ಭಾವಚಿತ್ರ ವಾಟ್ಸ್‌ಆ್ಯಪಿನಲ್ಲಿ ಬರುತ್ತದೆ. ಲಸಿಕೆ ಆಗಿದೆ, ಜಂತುಹುಳುವಿನ ಔಷಧ ಆಗಿದೆ ಎಂಬ ಆಶ್ವಾಸನೆಯೂ ಅದರ ಹಿಂದೆಯೇ ಬರುತ್ತದೆ. ಹಣ ಮೊಬೈಲಿನ ಮೂಲಕವೇ ಸಂದಾಯವಾಗುತ್ತದೆ. ಮನೆಗೆ ಬಂದ ಎರಡನೆಯ ಅಥವಾ ಮೂರನೆಯ ದಿನ ಮರಿ ಆಹಾರವನ್ನು ಮೂಸಿ ಹಿಂದೆ ಸರಿದು, ವಾಂತಿಭೇದಿಗಳಿಂದ ಸೊರಗಿ, ವಾರ ತುಂಬುವುದರೊಳಗೆ ಕಣ್ಮುಚ್ಚಿತೆಂದರೆ, ಮಾರಿದಾತನು ಹೇಳುವ ಮಾತು ಹೆಚ್ಚು ಕಡಿಮೆ ಎಲ್ಲ ಕಡೆಯೂ ಒಂದೇ: ನಮ್ಮಲ್ಲಿದ್ದಾಗ ಚೆನ್ನಾಗಿಯೇ ಇತ್ತು, ನೀವು ಹಾಲು ಕುಡಿಸಿ ಕೆಡಿಸಿದಿರಿ.

ಈ ಮಾತಿಗೆ ಉತ್ತರವಿಲ್ಲವೆಂದು ಭಾವಿಸಿ ಸುಮ್ಮನಾಗುವವರೇ ಬಹುಮಂದಿ. ಉತ್ತರವುಂಟು; ಆದರೆ ಅದನ್ನು ಮರಿ ಬದುಕಿರುವಾಗಲೇ, ಹೆಚ್ಚೆಂದರೆ ಸತ್ತ ದಿನವೇ, ಕಾಗದದ ಮೇಲೆ ಸಿದ್ಧಪಡಿಸಿಕೊಂಡಿರಬೇಕು.

ನಮ್ಮ ಕಾನೂನು ಈ ಪ್ರಾಣಿಯನ್ನು ಎರಡು ಬೇರೆ ಬೇರೆ ಕಣ್ಣುಗಳಿಂದ ನೋಡುತ್ತದೆ. 1930ರ ಸರಕು ಮಾರಾಟ ಅಧಿನಿಯಮಕ್ಕೂ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮಕ್ಕೂ ಚರಸ್ವತ್ತೆಲ್ಲವೂ ಸರಕೇ ಆದುದರಿಂದ, ಬೆಕ್ಕಿನ ಮರಿಯೂ ಕುಕ್ಕರಿನ ಪಂಕ್ತಿಯಲ್ಲಿಯೇ ಕುಳಿತುಕೊಳ್ಳುತ್ತದೆ. 1960ರ ಪ್ರಾಣಿಹಿಂಸಾ ನಿವಾರಣಾ ಅಧಿನಿಯಮವಾದರೋ ಅದನ್ನು ನೋವುಣ್ಣುವ ಜೀವವೆಂದು ಬಗೆಯುತ್ತದೆ; ಜಲ್ಲಿಕಟ್ಟು ಪ್ರಕರಣವೆಂದು ಪ್ರಸಿದ್ಧವಾದ 2014ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಹಸಿವು, ರೋಗ, ಭಯ ಮೊದಲಾದವುಗಳಿಂದ ಮುಕ್ತವಾಗಿರುವ ಪ್ರಾಣಿಗಳ ಸ್ವಾತಂತ್ರ್ಯವನ್ನು ಎತ್ತಿ ಹಿಡಿದದ್ದೂ ಈ ಅಧಿನಿಯಮದ ಆಧಾರದಿಂದಲೇ. ನೃತ್ಯಕಲಾವಿದೆ ರುಕ್ಮಿಣೀದೇವಿ ಅರುಂಡೇಲರು ರಾಜ್ಯಸಭೆಯಲ್ಲಿ ಪಟ್ಟು ಹಿಡಿದುದರ ಫಲವಾಗಿ ಬಂದ ಈ ಕಾನೂನು ಆಶಯದಲ್ಲಿ ಎಷ್ಟು ಉದಾತ್ತವೋ ದಂಡದಲ್ಲಿ ಅಷ್ಟೇ ದುರ್ಬಲ: ಸಾಮಾನ್ಯ ಕ್ರೌರ್ಯದ ಮೊದಲನೆಯ ಅಪರಾಧಕ್ಕೆ ಅದು ವಿಧಿಸುವ ಜುಲ್ಮಾನೆ ಹತ್ತು ರೂಪಾಯಿಗೆ ಕಡಿಮೆಯಿಲ್ಲದೆ ಐವತ್ತು ರೂಪಾಯಿಯವರೆಗೆ. ಆರು ದಶಕಗಳ ಹಿಂದಿನ ಆ ಐವತ್ತು ರೂಪಾಯಿ ಇಂದಿಗೂ ಐವತ್ತಾಗಿಯೇ ಉಳಿದಿರುವುದು ನಾಚಿಕೆಯ ವಿಷಯವೆಂದೇ ನನ್ನ ಮತ. ಹೀಗಾಗಿ ಜೀವವೆಂದು ಕರೆದ ಕಾನೂನಿಗಿಂತ ಸರಕೆಂದು ಕರೆದ ಕಾನೂನೇ ಕೊಂಡವರಿಗೆ ಹೆಚ್ಚು ಪ್ರಯೋಜನಕಾರಿಯಾಗಿದೆ.

ಮಾರುವವನ ಹೊಣೆ ಏನೆಂಬುದನ್ನು ಮೊದಲು ಅರಿಯತಕ್ಕದ್ದು. ನಾಯಿಯ ತಳಿ ಬೆಳೆಸುವವರಿಗೆಂದೇ 2017ರಲ್ಲಿ ಕೇಂದ್ರ ಸರ್ಕಾರ ಪ್ರತ್ಯೇಕ ನಿಯಮಗಳನ್ನು ಮಾಡಿತು. ಬೆಕ್ಕಿನ ತಳಿ ಬೆಳೆಸುವವರಿಗೆ ಅಂಥ ನಿಯಮಾವಳಿಯಿಲ್ಲ. ಈ ಕೊರತೆಯನ್ನು ಕೆಲವರು ಸ್ವೇಚ್ಛೆಗೆ ಪರವಾನಗಿಯೆಂದು ತಿಳಿದಿರುವರಾದರೂ ಅದು ಪೂರ್ಣಸತ್ಯವಲ್ಲ. 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಸಾಕುಪ್ರಾಣಿ ಮಳಿಗೆ ನಿಯಮಗಳಲ್ಲಿ ಬೆಕ್ಕೂ ಸೇರಿದೆ. ಮಳಿಗೆಯೆಂದರೆ ಬೀದಿಯ ಅಂಗಡಿ ಮಾತ್ರವಲ್ಲ, ಪ್ರಾಣಿಗಳನ್ನು ಮಾರಾಟಕ್ಕೆಂದು ಇರಿಸಿಕೊಂಡ ಯಾವುದೇ ಸ್ಥಳವೂ, ಆನ್‌ಲೈನ್ ವೇದಿಕೆಯೂ ಅದರ ವ್ಯಾಪ್ತಿಗೆ ಒಳಪಡುತ್ತದೆ. ಅಂಥ ಮಳಿಗೆ ನಡೆಸುವವನು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡು ಆ ಪತ್ರವನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು. ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. ಕುರ್ಲಾದ ಓಣಿಯಲ್ಲಾಗಲಿ ಕಲ್ಯಾಣದ ಬಾಡಿಗೆ ಕೋಣೆಯಲ್ಲಾಗಲಿ ಐದಾರು ವಾರದ ಮರಿಯನ್ನು ತಾಯಿಯಿಂದ ಬಿಡಿಸಿ, ಮಕ್ಕಳ ಮುಷ್ಟಿಯಲ್ಲಿ ಮುದ್ದಾಗಿ ಕಾಣಲೆಂದು ಕೈಗಿಡುವ ವ್ಯಾಪಾರಿ ಈ ನಿಯಮವನ್ನು ಮುರಿದಿದ್ದಾನೆ. ಅದೇ ನಿಮ್ಮ ದೂರಿನ ಮೊದಲನೆಯ ವಾಕ್ಯವಾಗಬಲ್ಲದು.

ಇನ್ನು ದೋಷದ ಪ್ರಶ್ನೆ. ಸರಕು ಮಾರಾಟ ಅಧಿನಿಯಮದ 16ನೆಯ ಕಲಮಿನ ಪ್ರಕಾರ, ಅದೇ ಬಗೆಯ ಸರಕನ್ನು ವ್ಯಾಪಾರವಾಗಿ ಮಾರುವವನಿಂದ ವರ್ಣನೆಯನ್ನು ನಂಬಿ ಕೊಂಡ ವಸ್ತುವು ಮಾರಾಟಯೋಗ್ಯವಾಗಿರಬೇಕೆಂಬ ಷರತ್ತು, ಬಾಯಿಂದ ಹೇಳದಿದ್ದರೂ, ವ್ಯವಹಾರದಲ್ಲಿ ಅಂತರ್ಗತವಾಗಿರುತ್ತದೆ. ಆದರೆ ಕೊಳ್ಳುವವನು ಕಣ್ಣಾರೆ ಪರೀಕ್ಷಿಸಿದ್ದು, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷವಿದ್ದರೆ ಈ ಷರತ್ತಿನ ರಕ್ಷಣೆ ಸಲ್ಲದು. ಮರಿಯ ಕಣ್ಣಲ್ಲಿ ಪಿಸುರು ಕಟ್ಟಿದ್ದುದನ್ನೂ ಅದು ಸೀನುತ್ತಿದ್ದುದನ್ನೂ ನೋಡಿಯೇ ಕೊಂಡುತಂದವರ ವಾದ ಅಷ್ಟರ ಮಟ್ಟಿಗೆ ಸಡಿಲವಾಗುತ್ತದೆ; ರಕ್ತದಲ್ಲಿ ಅಡಗಿದ್ದ ವೈರಾಣುವಾದರೋ ಯಾರ ಕಣ್ಣಿಗೂ ಕಾಣುವಂಥದಲ್ಲವಾದುದರಿಂದ ಅಂಥ ರೋಗದಿಂದ ಸತ್ತ ಮರಿಯ ವಿಷಯದಲ್ಲಿ ಹೊಣೆ ಮಾರಿದವನ ತಲೆಯ ಮೇಲೆಯೇ ಉಳಿಯುತ್ತದೆ.

ಇಲ್ಲಿ ವೈದ್ಯಶಾಸ್ತ್ರ ನ್ಯಾಯಶಾಸ್ತ್ರದ ನೆರವಿಗೆ ಬರುತ್ತದೆ. ಎಳೆಯ ಮರಿಗಳನ್ನು ಗುಂಪುಗುಂಪಾಗಿ ಕೊಲ್ಲುವ ರೋಗಗಳಲ್ಲಿ ಅತ್ಯಂತ ಘೋರವಾದುದು, ಸಾಮಾನ್ಯ ಮಾತಿನಲ್ಲಿ ಬೆಕ್ಕಿನ ಪಾರ್ವೋ ಎನಿಸಿಕೊಳ್ಳುವ ಪ್ಯಾನ್‌ಲ್ಯುಕೋಪೀನಿಯಾ. ಅದರ ವೈರಾಣು ದೇಹವನ್ನು ಹೊಕ್ಕ ಮೇಲೆ ಲಕ್ಷಣಗಳು ತಲೆದೋರಲು ಸಾಮಾನ್ಯವಾಗಿ ಎರಡರಿಂದ ಹತ್ತು ದಿನ ಹಿಡಿಯುತ್ತದೆ. ಮನೆಗೆ ಬಂದ ಮರುದಿನವೇ ಮರಿ ಮಲಗಿತೆಂದರೆ ಸೋಂಕು ಮಾರಿದವನ ಮನೆಯಲ್ಲಿಯೇ ತಗುಲಿತ್ತೆಂದು ವಾದಿಸಲು ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ. ಹಾಲು ಕುಡಿಸಿದರೆ ಹೊಟ್ಟೆ ಕೆಡಬಹುದೇ ಹೊರತು ಬಿಳಿ ರಕ್ತಕಣಗಳು ಕುಸಿಯುವುದಿಲ್ಲ. ಮೂರನೆಯ ವಾರದಲ್ಲಿ ಕಾಯಿಲೆಯಾದರೆ ಮಾತ್ರ ಈ ವಾದ ಕ್ಷೀಣವಾಗುತ್ತದೆ. ಈ ಕಾರಣದಿಂದ ಮರಿಯನ್ನು ಕೊಂಡ ದಿನವೇ, ಇಲ್ಲವೇ ಮರುದಿನ, ನೋಂದಾಯಿತ ಪಶುವೈದ್ಯರಿಗೆ ತೋರಿಸಿ ತೂಕ, ಉಷ್ಣತೆ, ಅಂದಾಜು ವಯಸ್ಸುಗಳನ್ನು ಬರೆಯಿಸಿಟ್ಟುಕೊಳ್ಳುವುದು ಅಗತ್ಯ. ಕಾಯಿಲೆ ಬಿದ್ದರೆ ಮಲದ ಪಾರ್ವೋ ಪರೀಕ್ಷೆಯ ಹಾಗೂ ರಕ್ತಪರೀಕ್ಷೆಯ ವರದಿಗಳನ್ನು ಕೇಳಿ ಪಡೆಯಬೇಕು. ಸತ್ತ ಮೇಲೆ, ದುಃಖದ ಆ ಗಳಿಗೆಯಲ್ಲಿ ಹೇಳುವುದು ಕಠಿಣವೆನಿಸಿದರೂ, ಕೂಡಲೇ ಮಣ್ಣು ಮಾಡದೆ ಶವಪರೀಕ್ಷೆ ಮಾಡಿಸುವುದು ಲೇಸು. ದೇಹವನ್ನು ಮಂಜುಗಡ್ಡೆಯ ನಡುವೆ ತಣ್ಣಗಿರಿಸಬೇಕಲ್ಲದೆ ಫ್ರೀಝರಿನಲ್ಲಿಟ್ಟು ಕಲ್ಲಾಗಿಸಬಾರದು, ಅಂಗಾಂಶಗಳು ಅದರಿಂದ ಕೆಡುತ್ತವೆ. 1886ರಲ್ಲಿ ಸ್ಥಾಪಿತವಾದ ಪರೇಲಿನ ಮುಂಬಯಿ ಪಶುವೈದ್ಯಕೀಯ ಕಾಲೇಜಿನಂಥ ಸಂಸ್ಥೆಯಲ್ಲಿ ವಿಚಾರಿಸಬಹುದು. ಇನ್ನೊಂದು ಮಾತು: ಈ ವೈರಾಣು ಮನೆಯ ನೆಲದಲ್ಲಿಯೂ ಬಟ್ಟೆಯಲ್ಲಿಯೂ ಒಂದು ವರ್ಷದವರೆಗೆ ಬದುಕಿರಬಲ್ಲದಾದುದರಿಂದ, ಮಕ್ಕಳ ಅಳುವನ್ನು ನಿಲ್ಲಿಸಲೆಂದು ಲಸಿಕೆಯಾಗದ ಬೇರೊಂದು ಮರಿಯನ್ನು ಆ ಮನೆಗೇ ತರುವುದು ಅವಿವೇಕ.

ಲಸಿಕೆಯ ಪುಸ್ತಕವನ್ನೂ ಕೂಲಂಕಷವಾಗಿ ನೋಡಿ. ಸಾಮಾನ್ಯವಾಗಿ ಆರರಿಂದ ಎಂಟು ವಾರಗಳ ವಯಸ್ಸಿನಲ್ಲಿ ಮೊದಲನೆಯ ಲಸಿಕೆಯಾಗಿ, ಮೂರು ನಾಲ್ಕು ವಾರಗಳಿಗೊಮ್ಮೆ ಅದು ಪುನರಾವರ್ತನೆಯಾಗಬೇಕು. ಶೀಶೆಯಿಂದ ಕಿತ್ತು ಅಂಟಿಸಿದ ಬ್ಯಾಚ್ ಸಂಖ್ಯೆಯ ಚೀಟಿ, ವೈದ್ಯರ ಸಹಿ, ಅವರ ನೋಂದಣಿ ಸಂಖ್ಯೆ ಇವು ಇಲ್ಲದೆ ಬರಿಯ ತಾರೀಖನ್ನು ಗೀಚಿದ ಪುಸ್ತಕ ಲಸಿಕೆಯಾದುದಕ್ಕೆ ಸಾಕ್ಷ್ಯವಲ್ಲ. ಹಾಕದ ಲಸಿಕೆಯನ್ನು ಹಾಕಿಸಿದ್ದೇನೆಂದು ಸುಳ್ಳು ಹೇಳಿ ಹಣ ಪಡೆದದ್ದು ಸಿದ್ಧವಾದರೆ ಅದು ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮಿನ ವಂಚನೆಯೂ ಆಗಬಹುದು; ಅದಕ್ಕೆ ಪೋಲೀಸ್ ಠಾಣೆಯ ಮಾರ್ಗವುಂಟು.

ಬಿಲ್ಲಿನ ವಿಷಯದಲ್ಲಿ ನಮ್ಮವರ ಸಂಕೋಚ ಹೇಳತೀರದು. ರಸೀದಿ ಕೊಡದಿರುವುದನ್ನೂ, ದೋಷಯುಕ್ತವಾದ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ನಮೂದಾಗದಿದ್ದರೆ ಮೂವತ್ತು ದಿನಗಳೊಳಗೆ, ಹಿಂದಕ್ಕೆ ಪಡೆದು ಹಣ ಮರಳಿಸಲು ನಿರಾಕರಿಸುವುದನ್ನೂ 2019ರ ಅಧಿನಿಯಮವು ಅನುಚಿತ ವ್ಯಾಪಾರ ಪದ್ಧತಿಗಳೆಂದೇ ಎಣಿಸಿದೆ. ಬಿಲ್ಲು ಸಿಗದಿದ್ದಲ್ಲಿ ಹಣ ಸಂದಾಯವಾದ ದಾಖಲೆಯೂ ವಾಟ್ಸ್‌ಆ್ಯಪಿನ ಸಂಭಾಷಣೆಯೂ ಉಪಯೋಗಕ್ಕೆ ಬರುವುವು. ಅವನ್ನು ಅಳಿಸದೆ ಫೋನಿನಲ್ಲಿಯೇ ಕಾಪಾಡಿಡಿ. ಇದು ಮಾರಾಟವಲ್ಲ, ದತ್ತು; ತೆತ್ತದ್ದು ಬೆಲೆಯಲ್ಲ, ದತ್ತು ಶುಲ್ಕ ಎಂದು ಜಾಣತನ ತೋರುವವರೂ ಇದ್ದಾರೆ. ಮರಿಮರಿಗೂ ಬೆಲೆ ಕಟ್ಟಿ, ವರ್ಷವಿಡೀ ಇದೇ ಕಸುಬನ್ನು ನಡೆಸುವವನು ಇಟ್ಟ ಹೆಸರಿನಿಂದ ವ್ಯಾಪಾರ ಬೇರೆಯಾಗುವುದಿಲ್ಲವೆಂದು ಧೈರ್ಯವಾಗಿ ವಾದಿಸಬಹುದು. ಮನೆಯ ಬೆಕ್ಕು ಒಮ್ಮೆ ಈದುದರಿಂದ ಹೆಚ್ಚಾದ ಮರಿಯನ್ನು ನೆರೆಯವರಿಗೆ ಕೊಟ್ಟ ಗೃಹಸ್ಥನು ಮಾತ್ರ ವ್ಯಾಪಾರಿಯೆನಿಸುವುದು ಕಷ್ಟ. ಅವನ ಮೇಲೆ ಗ್ರಾಹಕ ಆಯೋಗಕ್ಕೆ ಹೋಗುವುದರಲ್ಲಿ ಅರ್ಥವಿಲ್ಲ.

ದೂರಿನ ಕ್ರಮ ಜನ ಅಂಜುವಷ್ಟು ಜಟಿಲವಾದುದಲ್ಲ. ಮೊದಲು ಮಾರಿದವನಿಗೆ ಅಂಚೆಯ ಮೂಲಕ ಒಂದು ನೋಟೀಸು ಕಳುಹಿಸಿ, ಬೆಲೆಯನ್ನೂ ಚಿಕಿತ್ಸೆಯ ವೆಚ್ಚವನ್ನೂ ಕೇಳಿ, ಹದಿನೈದು ದಿನದ ಗಡುವು ಕೊಡುವುದು ವಾಡಿಕೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದರೆ ಕೆಲವು ವ್ಯಾಜ್ಯಗಳು ಅಲ್ಲಿಯೇ ಇತ್ಯರ್ಥವಾಗುವುದೂ ಉಂಟು. ಆಗದಿದ್ದಲ್ಲಿ ಜಿಲ್ಲಾ ಗ್ರಾಹಕ ಆಯೋಗ. ಹಳೆಯ ಕಾನೂನಿನಲ್ಲಿ ಮಾರಿದವನಿರುವ ಅಥವಾ ವ್ಯಾಜ್ಯದ ಕಾರಣ ಹುಟ್ಟಿದ ಊರಿಗೆ ಅಲೆಯಬೇಕಾಗುತ್ತಿತ್ತು. ಈಗ ದೂರುದಾರನು ತಾನು ವಾಸಿಸುವ ಅಥವಾ ದುಡಿಯುವ ಸ್ಥಳದಲ್ಲಿಯೇ ದೂರು ಕೊಡಬಹುದಾದುದರಿಂದ, ಮುಂಬಯಿಯಲ್ಲಿ ಮರಿ ಕೊಂಡ ಡೊಂಬಿವಲಿಯ ನಿವಾಸಿಯೂ ಮಹಾಪೆಯ ಉದ್ಯೋಗಿಯೂ ಠಾಣೆ ಜಿಲ್ಲೆಯಲ್ಲಿಯೇ ನ್ಯಾಯ ಕೇಳಬಹುದು. ನವಿ ಮುಂಬಯಿಯವರಿಗೆ ಬೇಲಾಪುರದ ಕೊಂಕಣ ಭವನದಲ್ಲಿ ಠಾಣೆಯ ಹೆಚ್ಚುವರಿ ಆಯೋಗವಿದೆ. ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೂ ದೂರು ಸಲ್ಲಿಸಬಹುದು. ತೆತ್ತ ಬೆಲೆ ಐದು ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವೇ ಇಲ್ಲ. ವಕೀಲರನ್ನು ಇಟ್ಟುಕೊಳ್ಳಬೇಕೆಂಬ ನಿರ್ಬಂಧವೂ ಇಲ್ಲ. ಇಡಬಯಸುವವರಿಗೆ ಹಣದ ಅನುಕೂಲವಿಲ್ಲದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100 ಇದೆ. ಸ್ತ್ರೀಯರಿಗೆ ಆದಾಯವೆಷ್ಟೇ ಇದ್ದರೂ ಉಚಿತ ನೆರವಿನ ಹಕ್ಕುಂಟು. ಕನ್ನಡದಲ್ಲಿ ನಡೆದ ಪತ್ರವ್ಯವಹಾರವಿದ್ದರೆ ಮರಾಠಿಯ ಅಥವಾ ಇಂಗ್ಲಿಷಿನ ಭಾಷಾಂತರವನ್ನು ಜೊತೆಗೆ ಲಗತ್ತಿಸಿ.

ಎದುರುದಾರನು ನೋಟೀಸು ತಲುಪಿದ ಮೂವತ್ತು ದಿನಗಳಲ್ಲಿ, ಆಯೋಗವು ಒಪ್ಪಿದರೆ ಮತ್ತೆ ಹದಿನೈದು ದಿನಗಳಲ್ಲಿ, ಉತ್ತರ ಕೊಡಲೇಬೇಕು. ಅದಕ್ಕೂ ಮೀರಿ ಅವಕಾಶವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ 2020ರ ಮಾರ್ಚಿನಲ್ಲಿ ನಿರ್ಣಯಿಸಿದೆ. ಮೂರು ತಿಂಗಳಲ್ಲಿ, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ, ತೀರ್ಪಾಗಬೇಕೆಂದು ಅಧಿನಿಯಮ ಹೇಳುತ್ತದೆ. ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು ಕಾಲ ಹಿಡಿಯುವುದನ್ನು ಕೋರ್ಟು ಕಂಡವರೆಲ್ಲ ಬಲ್ಲರು. ಬೆಲೆ, ಚಿಕಿತ್ಸೆಯ ವೆಚ್ಚ, ಮನೋವ್ಯಥೆಗೆ ಪರಿಹಾರ, ವ್ಯಾಜ್ಯದ ಖರ್ಚು ಇಷ್ಟನ್ನು ಕೇಳಬಹುದು. ಬದಲಿ ಮರಿಯನ್ನು ಕೇಳುವ ಹಕ್ಕೂ ಇದೆಯಾದರೂ ರೋಗ ಸುಳಿದಾಡುತ್ತಿರುವ ಅದೇ ಮನೆಯಿಂದ ಇನ್ನೊಂದನ್ನು ತರುವುದು ನನಗೆ ಒಪ್ಪಿತವಲ್ಲ. ತೀರ್ಪು ರುಚಿಸದವರು ನಲವತ್ತೈದು ದಿನಗಳಲ್ಲಿ ರಾಜ್ಯ ಆಯೋಗಕ್ಕೆ ಮೇಲ್ಮನವಿ ಮಾಡಬಹುದು.

ದೂರಿನ ಒಂದು ಪ್ರತಿಯನ್ನು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಗೂ ಕಳುಹಿಸುವುದನ್ನು ಮರೆಯಬೇಡಿ. ಅದರಿಂದ ನಿಮಗೆ ಹಣ ಬಾರದು, ಆದರೆ ಆ ಮನೆಯ ಪಂಜರಗಳಲ್ಲಿ ಉಳಿದಿರುವ ತಾಯಿ ಬೆಕ್ಕುಗಳನ್ನೂ ಮರಿಗಳನ್ನೂ ಯಾರಾದರೂ ಹೋಗಿ ನೋಡುವಂತಾಗಬಹುದು. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಕಾಲಮಿತಿ, ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ. ಕಳೆದ ವರ್ಷ ಮರಿಯನ್ನು ಕಳೆದುಕೊಂಡು, ಆದದ್ದು ಆಗಿಹೋಯಿತೆಂದು ಕೈಚೆಲ್ಲಿ ಕುಳಿತಿರುವವರಿಗೂ ಆ ಬಾಗಿಲು ಇನ್ನೂ ತೆರೆದೇ ಇದೆ.