ಕೊಟ್ಟಿಗೆಯ ನೀರು ಮತ್ತು ಸಂವೇದಕ

ಶಿಕಾರಿಪುರ, ಸೊರಬಗಳು ಕೆರೆಗಳ ಸೀಮೆ. ಒಂದರಲ್ಲಿ ಕುಮುದ್ವತಿಯೂ ಇನ್ನೊಂದರಲ್ಲಿ ದಂಡಾವತಿಯೂ ಹರಿಯುತ್ತವೆ. ಇಲ್ಲಿ ಹಾಲಿನ ದರದ ಮಾತನ್ನು ಎಲ್ಲರೂ ಆಡುತ್ತಾರೆ. ಕೊಟ್ಟಿಗೆ ತೊಳೆದ ನೀರು ಎಲ್ಲಿಗೆ ಹೋಗುತ್ತದೆಂದು ಕೇಳುವವರು ಕಡಿಮೆ. ನಾನು ಅರ್ಥಶಾಸ್ತ್ರದ ವಿದ್ಯಾರ್ಥಿನಿ. ನಮ್ಮ ಮನೆಯಿಂದ ಕಾಲೇಜಿಗೆ ಬಂದವರಲ್ಲಿ ಮೊದಲಿಗಳು. ಸಗಣಿ ಬಾಚಿ ಬೆಳೆದವಳಾದ್ದರಿಂದ ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

ನಮ್ಮ ಹಿರಿಯರ ಕಾಲದಲ್ಲಿ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಮಲೆನಾಡು ಗಿಡ್ಡ ತಳಿಯ ಹಸುಗಳು ಹಗಲೆಲ್ಲ ಮೇದು ಸಂಜೆ ಮನೆಗೆ ಬರುತ್ತಿದ್ದವು. ಕೊಟ್ಟಿಗೆಗೆ ಸೊಪ್ಪು, ದರಕು ಹಾಸುತ್ತಿದ್ದರು. ಅದು ಗಂಜಲವನ್ನು ಹೀರಿ, ಸಗಣಿಯೊಡನೆ ಬೆರೆತು, ಗೊಬ್ಬರವಾಗಿ ಗದ್ದೆ ತೋಟಗಳನ್ನು ಸೇರುತ್ತಿತ್ತು. ಈಗ ಮಿಶ್ರ ತಳಿಯ ಹಸು, ಸಿಮೆಂಟಿನ ನೆಲ, ಪಂಪಿನ ಪೈಪು ಬಂದಿವೆ. ಗೊಬ್ಬರವಾಗಬೇಕಾದ ವಸ್ತು ನೀರಿನಲ್ಲಿ ಕದಡಿ ಚರಂಡಿ ಸೇರುತ್ತಿದೆ.

ಇದರಿಂದ ಕೇಡೇನು? ಸಗಣಿಯ ಅಂಶವನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಈ ಬಳಕೆಯ ಅಳತೆಗೆ ಜೈವಿಕ ಆಮ್ಲಜನಕ ಬೇಡಿಕೆಯೆಂದು ಹೆಸರು. ಮನೆಗಳ ಕೊಳಚೆಯಲ್ಲಿ ಅದು ಲೀಟರಿಗೆ ಸುಮಾರು 300 ಮಿಲಿಗ್ರಾಂ; ನೀರು ಬೆರೆಸದ ಸಗಣಿ ಗಂಜಲದ ಬಗ್ಗಡದಲ್ಲಿ 10,000ಕ್ಕೂ ಮೇಲೆ. ಕೆರೆಯ ನೀರಿನಲ್ಲಿ ಕರಗಿರುವ ಆಮ್ಲಜನಕವಾದರೋ ಲೀಟರಿಗೆ ಸುಮಾರು 8 ಮಿಲಿಗ್ರಾಂ ಮಾತ್ರ. ಅದು ತೀರಿದರೆ ಮೀನು ಸಾಯುತ್ತದೆ. ಗಂಜಲದ ಸಾರಜನಕ ನೈಟ್ರೇಟಾಗಿ ಬಾವಿಗೆ ಇಳಿಯಬಹುದು. ಕುಡಿಯುವ ನೀರಿನಲ್ಲಿ ಅದಕ್ಕೆ 45 ಮಿಲಿಗ್ರಾಮಿನ ಮಿತಿಯಿದೆ. ಹಾಲಿನ ಲಾಭ ಒಬ್ಬನಿಗೆ, ನೀರಿನ ನಷ್ಟ ಕೆಳಗಿನ ಊರಿಗೆ! ಅರ್ಥಶಾಸ್ತ್ರದ ದೃಷ್ಟಿಯಿಂದ ಪ್ರಶ್ನೆಯ ತಿರುಳು ಇದೇ.

ಶುದ್ಧೀಕರಣದ ಕ್ರಮ ಕಷ್ಟದ್ದಲ್ಲ. ಮೊದಲು ಸಗಣಿಯನ್ನು ಬಾಚಿ ಬೇರೆ ಮಾಡುವುದು. ಅದನ್ನು ಗೋಬರ್ ಗ್ಯಾಸ್ ತೊಟ್ಟಿಗೆ ಹಾಕುವುದು. ತೊಳೆದ ನೀರನ್ನು ಗುಂಡಿಯಲ್ಲಿ ತಂಗಿಸಿ, ಗಾಳಿಯಾಡಿಸಿ, ಮೇವಿನ ಬೆಳೆಗೆ ಹಾಯಿಸುವುದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಡೇರಿಗಳಿಗೂ ಗೋಶಾಲೆಗಳಿಗೂ 2020ರಲ್ಲಿ ಮಾರ್ಗಸೂಚಿ ಹೊರಡಿಸಿದೆ.

ಇಲ್ಲಿ ಸಂವೇದಕದ, ಅಂದರೆ ಸೆನ್ಸರಿನ, ಕೆಲಸವೇನು? ಕಣ್ಣಿಗೆ ಕಾಣದ್ದನ್ನು ಹೊತ್ತಿಗೆ ಮುಂಚೆ ಹೇಳುವುದು. ಗೋಬರ್ ಗ್ಯಾಸ್ ತೊಟ್ಟಿಯ ಪಿ.ಎಚ್. 7ರ ಆಸುಪಾಸಿನಲ್ಲಿರಬೇಕು. ಅದು ಇಳಿಯತೊಡಗಿದರೆ ಹುಳಿ ಹೆಚ್ಚಿತೆಂದು ಅರ್ಥ. ಅನಿಲ ನಿಲ್ಲುವ ಮೊದಲೇ ಸಗಣಿ ಹಾಕುವುದನ್ನು ತಗ್ಗಿಸಬಹುದು. ಗಾಳಿಯಾಡಿಸುವ ಗುಂಡಿಯಲ್ಲಿ ಆಮ್ಲಜನಕ 2 ಮಿಲಿಗ್ರಾಮಿಗೆ ಮುಟ್ಟಿದೊಡನೆ ಯಂತ್ರ ತಾನೇ ನಿಂತರೆ ವಿದ್ಯುತ್ತು ಉಳಿಯುತ್ತದೆ. ಆಷಾಢದ ಮಳೆಯಲ್ಲಿ ಗುಂಡಿ ತುಂಬಿ ಬರುವಾಗ ಮಟ್ಟ ಅಳೆಯುವ ಸಂವೇದಕವು ಮೊಬೈಲಿಗೆ ಸುದ್ದಿ ಮುಟ್ಟಿಸುತ್ತದೆ.

ಆದರೆ ಯಂತ್ರವನ್ನು ಕೊಂಡಮಾತ್ರಕ್ಕೆ ಕೆಲಸ ಮುಗಿಯದು. ಬಗ್ಗಡದಲ್ಲಿ ಮುಳುಗಿದ ಕಡ್ಡಿಗೆ ಲೋಳೆ ಕಟ್ಟುತ್ತದೆ. ಅದನ್ನು ಆಗಾಗ ಒರಸಿ, ಅಳತೆ ಗೊತ್ತಿರುವ ದ್ರಾವಣದಲ್ಲಿ ಅದ್ದಿ ಸರಿನೋಡಬೇಕು. ಇಲ್ಲವಾದರೆ ಸುಳ್ಳು ಲೆಕ್ಕವನ್ನೇ ನಂಬಿದಂತಾಗುತ್ತದೆ. ಎರಡು ಹಸುವಿನ ರೈತನಿಗೆ ಈ ಖರ್ಚು ಸಲ್ಲದು. ಅವನಿಗೆ ಬಾಚುವ ಸಲಿಕೆ, ಸೊಪ್ಪಿನ ಹಾಸು, ಗೊಬ್ಬರದ ಗುಂಡಿಗಳೇ ಸಾಕು. ನೂರಾರು ದನಗಳಿರುವ ಕಡೆ, ಇಲ್ಲವೇ ಊರೊಟ್ಟಿನ ಒಂದು ಸ್ಥಾವರಕ್ಕೆ, ಸಂವೇದಕ ತಕ್ಕದ್ದು.

ಊರೊಟ್ಟಿನ ಕೆಲಸ ಕನಸೆನ್ನಬೇಕಾಗಿಲ್ಲ. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ವಿಭಾಗದ ನೆರವಿನಿಂದ 1987ರಲ್ಲಿ ಊರ ಸಗಣಿಯ ಅನಿಲದಿಂದ ದೀಪವೂ ಕುಡಿಯುವ ನೀರೂ ದೊರೆತವು. ಮನೆಮನೆಯ ಸಗಣಿಯನ್ನು ತೂಗಿ ಹಣ ಕೊಡುತ್ತಿದ್ದರು. ಉಳಿದ ಬಗ್ಗಡವನ್ನು ಗೊಬ್ಬರಕ್ಕಾಗಿ ಹಿಂದಿರುಗಿಸುತ್ತಿದ್ದರು. ಸ್ಥಾವರವನ್ನು ನಡೆಸಿದವರು ಊರಿನ ಯುವಕರೇ. ಅಲ್ಲಿ ಎಲ್ಲರೂ ನಂಬಬಹುದಾದ ಅಳತೆಯಿತ್ತು. ಅಳತೆಯಿದ್ದಲ್ಲಿ ಜಗಳಕ್ಕೆ ಎಡೆ ಕಡಿಮೆ.

ನಮ್ಮ ಎರಡು ತಾಲ್ಲೂಕುಗಳ ಹಾಲು ಉತ್ಪಾದಕರ ಸಂಘಗಳು ದಿನವೂ ಹಾಲಿನ ಜಿಡ್ಡನ್ನು ಯಂತ್ರದಿಂದ ಅಳೆಯುತ್ತವೆ. ರೈತರು ಆ ಅಂಕಿಯನ್ನು ಒಪ್ಪುತ್ತಾರೆ. ಹಾಲಿಗೆ ಒಪ್ಪಿದ ಅಳತೆಯನ್ನು ನೀರಿಗೂ ಒಪ್ಪುವುದು ಅಸಾಧ್ಯವೇ? ಕಡ್ಡಿಯನ್ನು ಒರಸಿ ಲೆಕ್ಕ ಬರೆದಿಡಲು ಓದು ಬಲ್ಲ ಹುಡುಗ ಹುಡುಗಿಯರು ಬೇಕು. ಪದವಿ ಪಡೆದು ಊರಿಗೆ ಮರಳುವ ನಮ್ಮಂಥವರಿಗೆ ಇದು ಹೀನ ಕೆಲಸವೇನೂ ಅಲ್ಲವೆಂದು ನನ್ನ ನಂಬಿಕೆ.